ಕನ್ನಡದಲ್ಲೇ ಓದಿ ಕೆಲ್ಟಿಕ್ ಎಂ.ಎ. ಮುಗಿಸಿದೆ

ಎಂ.ಎ. ಸಂಪ್ರಬಂಧಕ್ಕೆ ನೂರಕ್ಕೆ 72 ಬಂತು. ನಾನು ಓದಿದ ಕಡೆಯ ಲೆಕ್ಕದಲ್ಲಿ 70 ದಾಟಿದರೆ ಡಿಸ್ಟಿಂಕ್ಷನ್. ಅಂಕ ಹೇಳಿಯೇ ಶುರು ಮಾಡುತ್ತಿರುವುದಕ್ಕೆ ಕಾರಣವಿದೆ. ವೇಲ್ಸಿನ ಒಂದು ವಿಶ್ವವಿದ್ಯಾಲಯದ ದೂರಶಿಕ್ಷಣದಲ್ಲಿ ಕೆಲ್ಟಿಕ್, ಅಂದರೆ ಐರಿಷ್, ವೆಲ್ಷ್ ಮುಂತಾದ ಭಾಷೆಗಳ ಅಧ್ಯಯನಕ್ಕೆ ಸೇರಿ, ಮೊದಲ ವರ್ಷ ನೆಲಕಚ್ಚಿ, ಇನ್ನು ಮೇಲೆ ಎಲ್ಲವನ್ನೂ ಕನ್ನಡಕ್ಕೆ ಇಳಿಸಿಕೊಂಡೇ ಓದುತ್ತೇನೆ ಎಂದಾಗ, ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಗೆಳೆಯ, "ಅಲ್ಲ ಮಾರಾಯ, ಬರೆಯೋದು ಇಂಗ್ಲಿಷಿನಲ್ಲಿ, ಓದೋದು ಕನ್ನಡದಲ್ಲಿ, ಡಬಲ್ ಕೆಲಸ ಆಗ್ಲಿಲ್ವಾ? ಆರು ತಿಂಗಳಲ್ಲಿ ಬಿಡ್ತೀಯ ನೋಡು" ಅಂದಿದ್ದ. ಜೊತೆಯಲ್ಲಿ ಓದುತ್ತಿದ್ದವರಿಗೂ ಅದೇ ಅನುಮಾನ. ಬೋಧಕರು ಬೇಡ ಎನ್ನಲಿಲ್ಲ, ಸಮಯ ಸಾಕಾಗುತ್ತದೆಯೇ ಯೋಚಿಸಿ ಎಂದಷ್ಟೇ ಬರೆದರು.

ಹಳೆ ಐರಿಷ್, ಮಧ್ಯಕಾಲದ ವೆಲ್ಷ್ ಹಿಡಿದು ಕೂತಿರುವ ಕನ್ನಡದವರು ಈಗ ನಾಲ್ಕಾರು ಮಂದಿ ಇದ್ದೀರಿ. ಇದು ನಿಮಗಾಗಿ. ಹಳೆ ಐರಿಷಿನ ಆನ್‌ಲೈನ್ ನಿಘಂಟಾದ ಇ-ಡಿಲ್‌ನಲ್ಲಿ ಹುಡುಕುವುದು ಹೇಗೆ, ಐರ್ಲೆಂಡಿನ ಕಾರ್ಕ್ ವಿಶ್ವವಿದ್ಯಾಲಯದವರು ಜಾಲದಲ್ಲಿಟ್ಟ ಪಠ್ಯಗಳು ಎಲ್ಲಿ ಸಿಗುತ್ತವೆ ಎಂಬುದನ್ನೆಲ್ಲ ಬರೆಯುವುದಿಲ್ಲ, ಅದು ನಿಮಗೆ ಗೊತ್ತು.

ಮೊದಲ ವರ್ಷ ನಾನೂ ಎಲ್ಲರ ಹಾಗೆ 1946ರಲ್ಲಿ ಬಂದ, ಹಳೆ ಐರಿಷಿನ ಆ ದಪ್ಪ ಇಂಗ್ಲಿಷ್ ವ್ಯಾಕರಣ ಹಿಡಿದೆ. ಬೆಳಗ್ಗೆ ಐದರಿಂದ ಏಳು, ದಿನಕ್ಕೆ ಐದು ಪುಟ, ಟಿಪ್ಪಣಿಯೆಲ್ಲ ಇಂಗ್ಲಿಷಿನಲ್ಲಿ. ಇನ್ನೂರು ಪುಟದ ಮೂರು ನೋಟ್‌ಬುಕ್ ತುಂಬಿದವು. ಪರೀಕ್ಷೆಯಲ್ಲಿ ಜರ್ಮನಿಯ ವುರ್ಟ್ಸ್‌ಬುರ್ಗ್‌ನಲ್ಲಿರುವ ಹಸ್ತಪ್ರತಿಯ ಹಳೆ ಐರಿಷ್ ಅಂಚಿನ ಟಿಪ್ಪಣಿಗಳಿಂದ ಹತ್ತು ಹನ್ನೆರಡು ಸಾಲು ಕೊಟ್ಟಿದ್ದರು. ಮೂರು ಸಾಲು ಬಿಡಿಸಿದೆ, ಉಳಿದದ್ದು ಕಣ್ಣಿಗೆ ಗೋಡೆಯ ಹಾಗೆ ಕಂಡಿತು. ನಿಯಮ ಎಲ್ಲ ಬಾಯಿಗೆ ಬರುತ್ತಿತ್ತು, ಪದ ಎಲ್ಲಿ ಮುಗಿದು ಎಲ್ಲಿ ಶುರುವಾಗುತ್ತದೆ ಎಂಬುದೇ ಕಾಣುತ್ತಿರಲಿಲ್ಲ. 43 ಬಂತು. ಪಾಸಿಗೆ 50 ಬೇಕು.

ದಾರಿ ಸಿಕ್ಕಿದ್ದು ವೆಲ್ಷ್ ಕಡೆಯಿಂದ. ಒಂದು ಸಾಲಿನಲ್ಲಿ 'ಇ ಗಾಥ್' ಎಂದಿತ್ತು. ನಿಘಂಟಿನಲ್ಲಿ ಗ ಅಕ್ಷರದ ಕೆಳಗೆ ಅರ್ಧ ಗಂಟೆ ಹುಡುಕಿದೆ, ಇಲ್ಲ. ಆಗ ನೆನಪಾದದ್ದು ನಮ್ಮ ಆಫೀಸಿಗೆ ಬಿಹಾರದಿಂದ ಬಂದಿದ್ದ ಒಬ್ಬರು. ಕನ್ನಡ ಓದಲು ಕಲಿಯುತ್ತಿದ್ದರು. 'ಹೊಸಗನ್ನಡ' ಎಂಬುದನ್ನು ಓದಿ, ಹೊಸ ಅಂದರೆ ಗೊತ್ತು ಸರ್, ಈ ಗನ್ನಡ ಅಂದರೇನು, ಡಿಕ್ಷನರಿಯಲ್ಲಿ ಇಲ್ಲವಲ್ಲ ಎಂದು ಕೇಳಿದ್ದರು. ನಾನೀಗ ಅವರ ಕುರ್ಚಿಯಲ್ಲಿ ಕೂತಿದ್ದೆ. ಗಾಥ್ ಎಂಬುದು ಕಾಥ್, ಬೆಕ್ಕು. 'ಅವನ' ಎಂಬ ಅರ್ಥದ 'ಇ' ಪದದ ನಂತರ ಬಂದು ಕಕಾರ ಗಕಾರವಾಗಿದೆ. ತಾದ್, ಅಂದರೆ ಅಪ್ಪ, ಅವನ ಅಪ್ಪನಾದರೆ ದಾದ್. ಪೆನ್, ಅಂದರೆ ತಲೆ, ಅವನ ತಲೆಯಾದರೆ ಬೆನ್. ಕ-ತ-ಪ ಹೋಗಿ ಗ-ದ-ಬ. ಮಳೆಗಾಲ, ಬೆಟ್ಟದಾವರೆ, ಕಂಬನಿ! ಎಂಟನೇ ಕ್ಲಾಸಿನ ಆದೇಶ ಸಂಧಿಯನ್ನೇ ಇಂಗ್ಲಿಷಿನ ಪುಸ್ತಕಗಳು 'ಮ್ಯುಟೇಷನ್' ಎಂದು ಕೋಷ್ಟಕದ ಮೇಲೆ ಕೋಷ್ಟಕ ಹಾಕಿ ಹೆದರಿಸುತ್ತಿದ್ದವು. ವ್ಯತ್ಯಾಸ ಇಷ್ಟೇ: ನಮ್ಮಲ್ಲಿ ಅದು ಸಮಾಸದೊಳಗೆ ನಡೆಯುತ್ತದೆ, ಅಲ್ಲಿ ಎರಡು ಬಿಡಿ ಪದಗಳ ನಡುವೆಯೂ ನಡೆಯುತ್ತದೆ. ಆ ದಿನದಿಂದ ನಾನು ಕೋಷ್ಟಕ ನೋಡಿದ್ದಿಲ್ಲ.

ಹಾಗಾದರೆ ಓದುವ ಕ್ರಮವನ್ನೂ ನಮ್ಮದನ್ನೇ ಹಿಡಿಯೋಣ ಎಂದುಕೊಂಡೆ. ಹಳಗನ್ನಡ ಪದ್ಯ ಬಿಡಿಸುವ ಹಾಗೆ ಪದವಿಂಗಡಣೆ, ಅನ್ವಯ, ತಾತ್ಪರ್ಯ. ಪುಟದ ಮೇಲ್ಗಡೆ ಮೂಲ. ಅದರಡಿ ಉಚ್ಚಾರ ಕನ್ನಡ ಲಿಪಿಯಲ್ಲಿ. ಅದರಡಿ ಸಂಧಿ ಬಿಡಿಸಿದ ರೂಪ. ಅದರಡಿ ಪದಕ್ಕೆ ಪದ ಕನ್ನಡ, ಬೇಕಾದಲ್ಲಿ ಹಳಗನ್ನಡ. ಇಂಗ್ಲಿಷಿಗೆ ಭಾನುವಾರ ಮಾತ್ರ ಜಾಗ. ಶುರುವಿನಲ್ಲಿ ದಿನಕ್ಕೆ ಹಸ್ತಪ್ರತಿಯ ಮೂರು ಟಿಪ್ಪಣಿ ಬಿಡಿಸುವಷ್ಟರಲ್ಲಿ ಕಚೇರಿಗೆ ಹೊತ್ತಾಗುತ್ತಿತ್ತು. ಐದಾರು ತಿಂಗಳಲ್ಲಿ ಎಂಟು ಹತ್ತಕ್ಕೆ ಬಂದೆ. ವರ್ಷದ ಕೊನೆಗೆ ಸಾವಿರ ದಾಟಿರಬೇಕು. ಮರುಪರೀಕ್ಷೆಯಲ್ಲಿ 64.

ಒಂದೇ ಉದಾಹರಣೆ ಸಾಕು. ಸ್ವಿಟ್ಜರ್‌ಲೆಂಡಿನ ಸೇಂಟ್ ಗಾಲ್‌ನಲ್ಲಿರುವ ಲ್ಯಾಟಿನ್ ವ್ಯಾಕರಣದ ಹಸ್ತಪ್ರತಿ, 850ರ ಸುಮಾರಿಗೆ ಐರ್ಲೆಂಡಿನಲ್ಲಿ ಬರೆದದ್ದು. ಅದರ ಅಂಚಿನಲ್ಲಿ ಯಾರೋ ಒಬ್ಬ ಬರೆದಿಟ್ಟ ನಾಲ್ಕು ಸಾಲು ನೀವೆಲ್ಲ ಓದಿದ್ದೀರಿ. ಇಂದಿನ ರಾತ್ರಿ ಗಾಳಿ ಕಠೋರ, ಕಡಲಿನ ಬಿಳಿಯ ಕೂದಲನ್ನು ಕೆದರುತ್ತಿದೆ, ಇಂಥ ಇರುಳಲ್ಲಿ ದಾಳಿಕೋರ ವೈಕಿಂಗರು ಕಡಲು ದಾಟಿ ಬರುವ ಭಯವಿಲ್ಲ ಎಂಬ ಪದ್ಯ. ಅದರಲ್ಲಿ 'ಫಿಂಡ್‌ಫೊಲ್ಟ್' ಎಂಬ ಸಮಾಸವಿದೆ. ಫಿಂಡ್ ಬಿಳಿ, ಫೊಲ್ಟ್ ಕೂದಲು. ಸಮಾಸದಲ್ಲಿ ಎರಡನೆಯ ಫ ಉಚ್ಚಾರದಲ್ಲಿ ಕರಗಿಹೋಗುತ್ತದೆ. ಇಂಗ್ಲಿಷಿನಲ್ಲಿ ಇದು ಎರಡು ಪದವಾಗಿ ಒಡೆಯುತ್ತದೆ, ಕರಗಿದ್ದು ಕಾಣುವುದಿಲ್ಲ. ಕನ್ನಡದಲ್ಲಿ ನಾನು ಬರೆದದ್ದು 'ಬೆಳ್ಗೂದಲು'. ಅಲ್ಲೂ ಒಂದೇ ಪದ, ಇಲ್ಲೂ ಒಂದೇ ಪದ. ಅಲ್ಲಿ ಫ ಸಡಿಲಾದ ಕಡೆಯೇ ಇಲ್ಲಿ ಕ ಸಡಿಲಾಗಿದೆ. ಇದನ್ನು ಬೋಧಕರಿಗೆ ವಿವರಿಸಿ ಕಳಿಸಿದೆ. ಒಂದು ಪುಟದ ಉತ್ತರ ಬಂತು, ಮುಂದಿನ ಸೆಮಿನಾರಿನಲ್ಲಿ ಹತ್ತು ನಿಮಿಷ ಮಾತಾಡಲು ಕರೆದರು. ಆಮೇಲೆ ಯಾರೂ ಡಬಲ್ ಕೆಲಸ ಎನ್ನಲಿಲ್ಲ.

ಪಕಾರದ ಕಥೆಯೂ ಹಾಗೇ. ಕೆಲ್ಟಿಕ್ ಭಾಷೆಗಳು ಬಹಳ ಹಿಂದೆಯೇ ಪಕಾರ ಕಳೆದುಕೊಂಡವು: ಸಂಸ್ಕೃತದ ಪಿತೃ ಐರಿಷಿನಲ್ಲಿ ಅಥಿರ್, ಪೂರ್ಣ ಹೋಗಿ ಲಾನ್. ಪ ಮೊದಲು ಹಕಾರದಂಥದ್ದಾಗಿ ಆಮೇಲೆ ಅಳಿಯಿತು ಎನ್ನುತ್ತಾರೆ. ನಮ್ಮ ಹಳಗನ್ನಡದ 'ಪಾಲ್' ಹಾಲಾಯಿತು, ಮಂಡ್ಯದ ಕಡೆ ಆಲೂ ಆಯಿತು. ಮೂರು ಮೆಟ್ಟಿಲೂ ನಮ್ಮ ಬಾಯಲ್ಲೇ ಇವೆ.

ಆದರೆ ಇದೇ ಉತ್ಸಾಹದಲ್ಲಿ ಹಳ್ಳಕ್ಕೆ ಬೀಳಬೇಡಿ. ಐರ್ಲೆಂಡಿನ ಹಳೆಯ ಗೀರುಲಿಪಿ ಓಗಮ್‌ನಲ್ಲಿ ಕೆತ್ತಿದ ಕಲ್ಲುಗಳಲ್ಲಿ 'ಇಂಥವನ ಮಗ ಇಂಥವನ' ಎಂಬ ಒಕ್ಕಣೆ ಬರುತ್ತದೆ, 'ಮಗನ' ಎಂಬುದಕ್ಕೆ ಅಲ್ಲಿ 'ಮಕ್ವಿ'. ಐರಿಷ್ ಮ್ಯಾಕ್ ಬಂದದ್ದು ಇಲ್ಲಿಂದ. ಅದನ್ನು ಕೇಳಿದ ಪ್ರತಿಯೊಬ್ಬ ಕನ್ನಡಿಗನೂ "ಓ, ಮಗ!" ಎಂದು ಕುಣಿಯುತ್ತಾನೆ. ಅದು ಬರೀ ಕಾಕತಾಳೀಯ. ಅದೇ ಪದ ವೆಲ್ಷಿನಲ್ಲಿ ಮಾಬ್ ಆಗಿರುವುದನ್ನು ನೋಡಿ. ಸಂಧಿ ಹೋಲುತ್ತದೆ ಎಂದರೆ ಓದಲು ಹಿಡಿ ಸಿಕ್ಕಿತು ಎಂದಷ್ಟೇ ಅರ್ಥ, ನಂಟಸ್ತಿಕೆ ಅಲ್ಲ.

ಕನ್ನಡ ಕೈಕೊಟ್ಟದ್ದು ಹಳೆ ಐರಿಷಿನ ಕ್ರಿಯಾಪದದಲ್ಲಿ. 'ದೋ-ಬೆರ್', ಕೊಡುತ್ತಾನೆ. 'ನೀ ತವರ್', ಕೊಡುವುದಿಲ್ಲ. 'ಅಸ್-ಬೆರ್', ಹೇಳುತ್ತಾನೆ. 'ನೀ ಎಬಿರ್', ಹೇಳುವುದಿಲ್ಲ. ನಕಾರ ಮುಂದೆ ಬಂದರೆ ಪದವೇ ಮುದುಡಿ ಬೇರೆಯಾಗುತ್ತದೆ. ಇದಕ್ಕೆ ಮಗ್ಗಿಯೇ ಗತಿ. ದಿನಾ ಸಂಜೆ ಕೆರೆ ಏರಿಯ ಮೇಲೆ ನಡೆಯುತ್ತ ಜೋಡಿ ಜೋಡಿಯಾಗಿ ಗಟ್ಟಿಯಾಗಿ ಹೇಳುತ್ತಿದ್ದೆ, ನೂರೈವತ್ತು ಜೋಡಿಯವರೆಗೆ ಹೋಯಿತು. ಜೋಡಿಗಳನ್ನು ಯಾವ ಕ್ರಮದಲ್ಲಿ ಇಟ್ಟೆ ಎಂಬುದರಲ್ಲೇ ಗುಟ್ಟಿದೆ. ಅದನ್ನು ಪುಸ್ತಕ ಮಾಡುವ ಯೋಚನೆಯಿದೆ, ಇಲ್ಲಿ ಬಿಡಿಸುವುದಿಲ್ಲ. ಅಕಾರಾದಿಯಲ್ಲಿ ಮಾತ್ರ ಇಡಬೇಡಿ.

ಇನ್ನು ದುಡ್ಡು. ಶುಲ್ಕ, ಪುಸ್ತಕ, ಮರುಪರೀಕ್ಷೆ ಎಲ್ಲ ಸೇರಿ ಆರೂವರೆ ಲಕ್ಷದ ಹತ್ತಿರ ಹೋಗಿದೆ. ಪೌಂಡು ನೂರರ ಆಚೀಚೆ ಇದ್ದ ಕಾಲ. ಕಂತಿನಲ್ಲಿ ಕಟ್ಟಲು ಬಿಟ್ಟಿದ್ದರಿಂದ ಉಸಿರಾಡಿದೆ. ಎರಡನೇ ಕಂತಿನಲ್ಲಿ ಪೆಟ್ಟು ಬಿತ್ತು. ವಿದೇಶಕ್ಕೆ ಹಣ ಕಳಿಸುವ ಎ2 ಫಾರ್ಮ್ ತುಂಬುವಾಗ ಬ್ಯಾಂಕಿನ ಚಾರ್ಜು ಹಂಚಿಕೊಳ್ಳುವ ಆಯ್ಕೆಗೆ ಗುರುತು ಹಾಕಿಬಿಟ್ಟೆ. ಮಧ್ಯದ ಯಾವುದೋ ಬ್ಯಾಂಕು ಹದಿನೈದಿಪ್ಪತ್ತು ಪೌಂಡು ಮುರಿದುಕೊಂಡಿತು, ಅಲ್ಲಿ ಶುಲ್ಕ ಬಾಕಿ ಎಂದು ತೋರಿಸಿತು, ಲೈಬ್ರರಿ ಲಾಗಿನ್ ಮುಚ್ಚಿತು. ಪ್ರಬಂಧ ಒಪ್ಪಿಸಲು ಹನ್ನೆರಡು ದಿನವಿತ್ತು, ಒಂಬತ್ತು ದಿನ ಬಾಗಿಲು ಹಾಕಿತ್ತು. ಎರಡು ಸಾವಿರ ರೂಪಾಯಿಯ ಕೊರತೆಗೆ ಎಂಟು ಅಂಕ ಕಳೆದುಕೊಂಡೆ ಎಂದೇ ಈಗಲೂ ಲೆಕ್ಕ. ಓ-ಯು-ಆರ್ ಎಂಬ ಆಯ್ಕೆಗೇ ಗುರುತು ಹಾಕಿ, ಚಾರ್ಜೆಲ್ಲ ನೀವೇ ಹೊರಿ. ಸೆಮಿನಾರಿನ ಹೊತ್ತೂ ಅಷ್ಟೇ: ಅಕ್ಟೋಬರಿನ ಕೊನೆಯ ಭಾನುವಾರ ಅವರ ಗಡಿಯಾರ ಹಿಂದೆ ಹೋಗುತ್ತದೆ. ನಾಲ್ಕೂವರೆ ಗಂಟೆಯ ಅಂತರ ಐದೂವರೆ ಆಗಿ, ರಾತ್ರಿ ಹತ್ತೂವರೆಗೆ ಕೂತು ಯಾರೂ ಬರಲಿಲ್ಲವೆಂದು ಮಲಗಿಬಿಟ್ಟೆ. ಹನ್ನೊಂದೂವರೆಗೆ ಎಲ್ಲರೂ ಬಂದಿದ್ದರು.

ಮಧ್ಯೆ ಶಾಯಿಯ ಹುಚ್ಚು ಹಿಡಿಯಿತು. ಆ ಕಾಲದ ಲಿಪಿಕಾರರ ಶಾಯಿಗೆ ಓಕ್ ಮರದ ಗಂಟುಕಾಯಿ, ಕಬ್ಬಿಣದ ಲವಣ, ಅಂಟು ಬೇಕು. ಓಕ್ ಗಂಟು ಎಲ್ಲಿಂದ ತರಲಿ ಎಂದು ತಿಂಗಳುಗಟ್ಟಲೆ ಯೋಚಿಸಿದ್ದೆ. ಅಮ್ಮ ಕೇಳಿ, "ಅದು ಮಾಚಿಕಾಯಿ ಅಲ್ವೇನೋ, ನಿನಗೆ ಸಣ್ಣವನಿದ್ದಾಗ ತೇಯ್ದು ನೆಕ್ಕಿಸ್ತಿದ್ದೆ" ಅಂದಳು. ಹೌದು, ಅದೇ! ಗ್ರಂಧಿಗೆ ಅಂಗಡಿಯಲ್ಲಿ ಮಾಚಿಕಾಯಿ, ಅನ್ನಭೇದಿ, ಜಾಲಿ ಗೋಂದು ಮೂರೂ ಸಿಕ್ಕವು, ಇನ್ನೂರು ರೂಪಾಯಿಯೊಳಗೆ. ಕಾಯಿ ಕುಟ್ಟಿ ಮಳೆನೀರಿನಲ್ಲಿ ಐದು ದಿನ ನೆನೆಸಿ, ಸೋಸಿ, ಅನ್ನಭೇದಿ ಹಾಕಿದೆ. ಬಿದಿರಿನ ಲೆಕ್ಕಣಿಕೆಯಲ್ಲಿ ಬರೆದಾಗ ಅಕ್ಷರ ಪೇಲವ ಬೂದಿ ಬಣ್ಣ. ಬೆಳಗ್ಗೆ ಎದ್ದು ನೋಡಿದರೆ ಕಾಡಿಗೆ ಕಪ್ಪು. ಮೊದಲ ಪಾಕದಲ್ಲಿ ಅನ್ನಭೇದಿ ಹೆಚ್ಚಾಗಿ ಮೂರು ತಿಂಗಳಲ್ಲಿ ಕಾಗದ ತಿಂದು ತೂತಾಯಿತು. ಎರಡನೆಯದರಲ್ಲಿ ಅರ್ಧಕ್ಕೆ ಇಳಿಸಿದೆ, ಅದು ಇನ್ನೂ ಚೆನ್ನಾಗಿದೆ. ಆ ಶಾಯಿಯಲ್ಲಿ ನೂರು ಸಾಲು ನಕಲು ಮಾಡಿದ ಮೇಲೆ ಹಸ್ತಪ್ರತಿಯ ಫೋಟೋದಲ್ಲಿ ಯಾವ ಗೆರೆ ಮೊದಲು ಎಳೆದದ್ದು, ಎಲ್ಲಿ ಲೇಖನಿ ಅದ್ದಿದ್ದು ಎಂಬುದು ಕಾಣತೊಡಗಿತು. ಲಿಪಿಶಾಸ್ತ್ರದ ಪತ್ರಿಕೆಯಲ್ಲಿ ನನ್ನದೇ ಹೆಚ್ಚಿನ ಅಂಕ, ಇದನ್ನು ಹೇಳದೆ ಇರಲಾರೆ.

ಸಂಪ್ರಬಂಧ ಬರೆದದ್ದು ಐರಿಷ್ ದನ-ಕಳವಿನ ಕಥೆಗಳ ಮೇಲೆ. ರಾಣಿ ಮೇವ್ ಒಂದು ಕಂದು ಹೋರಿಗಾಗಿ ಸೈನ್ಯ ಕಟ್ಟಿ ಹೊರಟದ್ದು, ನಾಯಿಯ ಹೆಸರು ಹೊತ್ತ ಕೂ ಖುಲನ್ ಒಬ್ಬನೇ ತಡೆದದ್ದು. ಸೊರಬದ ಕಡೆ ತುರುಗೊಳ್, ಅಂದರೆ ದನ ಹೊಡೆದೊಯ್ಯುವ ಕಾಳಗದ, ವೀರಗಲ್ಲುಗಳನ್ನು ನೋಡಿಕೊಂಡೇ ಬೆಳೆದವನಿಗೆ, ಆತಕೂರಿನಲ್ಲಿ ಹಂದಿಯೊಡನೆ ಕಾದು ಸತ್ತ ಕಾಳಿ ಎಂಬ ನಾಯಿಗೆ 949ರ ಸುಮಾರಿಗೆ ಕಲ್ಲು ನಿಲ್ಲಿಸಿದ್ದನ್ನು ಓದಿದವನಿಗೆ ಕೈ ತಡೆಯಲಿಲ್ಲ. ಮೊದಲ ಕರಡಿನ ತುಂಬ ಹೋಲಿಕೆ. ಬೋಧಕರು ಅರ್ಧಕ್ಕರ್ಧ ಹೊಡೆದುಹಾಕಿದರು, ಸರಿಯಾಗಿಯೇ ಹಾಕಿದರು. ಉಳಿದದ್ದು ಒಂದೇ ಎಳೆ: ಹಳೆಯ ಐರಿಷ್ ಕಾನೂನಿನಲ್ಲಿ ಗುಲಾಮನಲ್ಲದ ಪ್ರತಿಯೊಬ್ಬನಿಗೂ ಒಂದು ಬೆಲೆಯಿತ್ತು, ಅವಮಾನ ಮಾಡಿದವನು ಅದನ್ನು ತೆರಬೇಕು, ಹೆಚ್ಚಾಗಿ ದನದ ಲೆಕ್ಕದಲ್ಲಿ. ಇಂಗ್ಲಿಷಿನವರು ಗೌರವದ ಬೆಲೆ ಎನ್ನುತ್ತಾರೆ. ಮೂಲ ಪದ 'ಲೋಗ್ ನೆನೆಖ್', ಅಕ್ಷರಶಃ ಮುಖದ ಬೆಲೆ. "ಯಾವ ಮುಖ ಇಟ್ಕೊಂಡು ಬಂದೆ" ಎಂದು ಬೈಸಿಕೊಂಡ ಯಾರಿಗೂ ಇದಕ್ಕೆ ಅಡಿಟಿಪ್ಪಣಿ ಬೇಡ. ದನ ಹೊಡೆದುಕೊಂಡು ಹೋದರೆ ಹಾಲು ಹೋಯಿತು ಎಂಬುದಷ್ಟೇ ಅಲ್ಲ, ಮುಖವೂ ಹೋಯಿತು. ಈ ಒಂದು ಮಾತನ್ನು ಹದಿನೈದು ಸಾವಿರ ಪದ ಬೆಳೆಸಿದೆ, 72 ಬಂದದ್ದು ಅದಕ್ಕೆ.

ಈಗ ಕೋರ್ಸು ಮುಗಿದಿದೆ, ಬೆಳಗಿನ ಐದು ಗಂಟೆ ಬಿಟ್ಟಿಲ್ಲ. ಮೊನ್ನೆ ಅದೇ ಸೇಂಟ್ ಗಾಲ್ ಹಸ್ತಪ್ರತಿಯ 204ನೇ ಪುಟ ತೆರೆದಿದ್ದೆ. ಮೇಲಿನ ಅಂಚಿನಲ್ಲಿ ಓಗಮ್ ಗೀರುಗಳಲ್ಲಿ ಒಂದೇ ಪದ: 'ಲಥಿರ್ಟ್'. ರಾತ್ರಿಯ ಕುಡಿತ ಮಾರನೆಯ ದಿನ ತಲೆ ಹಿಂಡುವುದಕ್ಕೆ ಆ ಸನ್ಯಾಸಿಯ ಪದ ಅದು, ಕಳ್ಳು ಮತ್ತು ಕೊಲೆ ಎಂದು ಬಿಡಿಸುತ್ತಾರೆ. ನಮ್ಮಲ್ಲಿ ಇದಕ್ಕೆ ಒಂದು ಪದ ಹುಡುಕಿದೆ, ಮನಸ್ಸಿಗೆ ಹಿಡಿಸುವಂಥದ್ದು ಸಿಗಲಿಲ್ಲ. ಕಳ್ ಕೂಡಿ ಕೊಲೆ, ಕಳ್ಗೊಲೆ ಎಂದು ನಾಲ್ಕನೇ ಸಾಲಿನಲ್ಲಿ ಬರೆದುಕೊಂಡಿದ್ದೇನೆ. ಇದಕ್ಕಿಂತ ಒಳ್ಳೆಯದು ಹೊಳೆದವರು ಹೇಳಿ, ತಿದ್ದಿಕೊಳ್ಳುತ್ತೇನೆ.