ಕಾಡ್ಗಿಚ್ಚಿನ ಕಾಲದಲ್ಲಿ ರೋಡ್ ಟ್ರಿಪ್: ಪ್ಲಾನ್ ಬದಲಿಸುವುದು ಹೇಗೆ?

ಜುಲೈನಿಂದ ಅಕ್ಟೋಬರ್ ಒಳಗೆ ಕ್ಯಾಲಿಫೋರ್ನಿಯಾ, ಒರೆಗಾನ್ ಕಡೆ ಕಾರಿನಲ್ಲಿ ಸುತ್ತುವ ಆಸೆ ಇದ್ದರೆ, ಕಾಡ್ಗಿಚ್ಚನ್ನೂ ಲೆಕ್ಕಕ್ಕೆ ಹಿಡಿದೇ ಹೊರಡಬೇಕು. ನಮ್ಮ ಮನೆಯಲ್ಲಿ ರೂಮ್ ಬುಕ್ ಮಾಡುವವಳೂ ನಾನೇ, ಗಾಡಿ ಓಡಿಸುವವಳೂ ನಾನೇ. ಹಿಂದಿನ ಸೀಟಿನಲ್ಲಿ ಊರಿಂದ ಬಂದ ಅಪ್ಪ, ಅಮ್ಮ. ಅಪ್ಪನಿಗೆ ದಮ್ಮಿನ ತೊಂದರೆ ಇದೆ. ಹಾಗಾಗಿ ಬೆಂಕಿ ಎಷ್ಟು ದೂರ ಇದೆ ಅನ್ನುವುದಕ್ಕಿಂತ ಮೊದಲು ಹೊಗೆ ಯಾವ ಕಡೆ ಹೋಗುತ್ತಿದೆ ಅಂತ ನೋಡುತ್ತೇನೆ.

ಹೊಗೆ ಎಷ್ಟು ದೂರ ಹೋಗಬಲ್ಲದು ಅಂದರೆ, 2023ರ ಜೂನ್‌ನಲ್ಲಿ ಕೆನಡಾದ ಕಾಡು ಉರಿದಾಗ ನ್ಯೂಯಾರ್ಕ್‌ನ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. "ನಾವು ಹೋಗೋ ಪಾರ್ಕ್‌ನಲ್ಲಿ ಬೆಂಕಿ ಇಲ್ಲವಲ್ಲ" ಅಂತ ಸಮಾಧಾನ ಮಾಡಿಕೊಳ್ಳುವುದರಲ್ಲಿ ಅರ್ಥವಿಲ್ಲ. ಏರ್‌ನೌ ವೆಬ್‌ಸೈಟಿನಲ್ಲಿ ಬೆಂಕಿ ಮತ್ತು ಹೊಗೆಯ ಮ್ಯಾಪ್ ಇದೆ. ಅದರಲ್ಲಿ ಎಕ್ಯೂಐ (ಗಾಳಿ ಎಷ್ಟು ಕೆಟ್ಟಿದೆ ಅನ್ನುವ ಅಂಕಿ) 100ರ ಒಳಗಿದ್ದರೆ ನಾವು ಹೋಗುತ್ತೇವೆ. 101ರಿಂದ 150 ಇದ್ದರೆ ಮಕ್ಕಳು, ವಯಸ್ಸಾದವರು, ದಮ್ಮು ಇರುವವರು ಹುಷಾರಾಗಿರಬೇಕು. 150 ದಾಟಿದರೆ ಯಾರಿಗೂ ಒಳ್ಳೆಯದಲ್ಲ. ಭಾರತದ ಅಳತೆಯಲ್ಲಿ 200ರವರೆಗೂ 'ಮಧ್ಯಮ' ಅನ್ನುವುದರಿಂದ ಅಪ್ಪ ಪ್ರತಿ ಸಲ ವಾದ ಮಾಡುತ್ತಾರೆ. ಅಮೆರಿಕದ ಅಳತೆಯೇ ಬೇರೆ, ಎರಡನ್ನೂ ಕಲಸಬೇಡಿ.

ಎಷ್ಟು ದಾಟಿದರೆ ವಾಪಸ್ ಅನ್ನುವುದನ್ನು ಮನೆಯಲ್ಲಿ ಕೂತಿದ್ದಾಗಲೇ ತೀರ್ಮಾನಿಸಿ. ಯಾಕೆಂದರೆ ಹತ್ತಿರ ಹೋದ ಮೇಲೆ "ಇಷ್ಟು ದೂರ ಬಂದಿದ್ದೀವಿ, ಒಂದು ಗಂಟೆ ನೋಡ್ಕೊಂಡು ಹೋಗೋಣ" ಅನ್ನುವ ಮಾತು ಬಂದೇ ಬರುತ್ತದೆ. ನಮ್ಮದು ಅಪ್ಪನ ಸಲುವಾಗಿ 100, ಅಷ್ಟೇ. ಒಂದು ವಿಷಯ ಗೊತ್ತಿರಲಿ: ಕಣಿವೆಗಳಲ್ಲಿ ಹೊಗೆ ರಾತ್ರಿ ಕೆಳಗಿಳಿದು ಬೆಳಿಗ್ಗೆ ದಟ್ಟವಾಗಿರುತ್ತದೆ. ಬಿಸಿಲೇರಿದಂತೆ ಎಷ್ಟೋ ಸಲ ತಿಳಿಯಾಗುತ್ತದೆ. ಆದರೆ ಅದೇ ಮಧ್ಯಾಹ್ನ ಸೆಕೆ, ಗಾಳಿ ಸೇರಿ ಬೆಂಕಿ ಜೋರಾಗುವುದೂ ಉಂಟು. ಬೆಳಗಿನ ಒಂದು ನಂಬರ್ ನೋಡಿ ಇಡೀ ದಿನದ ಲೆಕ್ಕ ಹಾಕಬೇಡಿ.

ಸುದ್ದಿಯಲ್ಲಿ "40 ಪರ್ಸೆಂಟ್ ಕಂಟೈನ್ಡ್" ಅಂತ ಬರುತ್ತದೆ. 40 ಭಾಗ ಆರಿದೆ ಅಂತ ತಿಳಿಯಬೇಡಿ. ಬೆಂಕಿಯ ಸುತ್ತಳತೆಯಲ್ಲಿ ಅಷ್ಟು ಭಾಗಕ್ಕೆ ತಡೆಗೆರೆ ಹಾಕಿದ್ದಾರೆ, ಅಲ್ಲಿಂದಾಚೆ ಹರಡಲಿಕ್ಕಿಲ್ಲ ಅಂತ ಅರ್ಥ. ಒಳಗೆ ಇನ್ನೂ ವಾರಗಟ್ಟಲೆ ಹೊಗೆಯಾಡಬಹುದು.

ಇನ್ನು ರಸ್ತೆ. ದೊಡ್ಡ ಹೈವೇ ಮುಚ್ಚುವುದಿಲ್ಲ ಅಂತ ಅಂದುಕೊಳ್ಳಬೇಡಿ. 2018ರ ಸೆಪ್ಟೆಂಬರ್‌ನಲ್ಲಿ ಡೆಲ್ಟಾ ಫೈರ್ ಅನ್ನುವ ಕಾಡ್ಗಿಚ್ಚಿನಿಂದ ರೆಡ್ಡಿಂಗ್‌ನ ಉತ್ತರಕ್ಕೆ ಐ-5 ಹೆದ್ದಾರಿಯೇ ದಿನಗಟ್ಟಲೆ ಬಂದ್ ಆಗಿತ್ತು. ಕ್ಯಾಲಿಫೋರ್ನಿಯಾದಲ್ಲಿ ಕ್ಯಾಲ್ಟ್ರಾನ್ಸ್‌ನ ಕ್ವಿಕ್‌ಮ್ಯಾಪ್, ಒರೆಗಾನ್‌ನಲ್ಲಿ ಟ್ರಿಪ್‌ಚೆಕ್ ನೋಡಿ, ಯಾವ ರಸ್ತೆ ಬಂದ್ ಆಗಿದೆ ಅಂತ ಗೊತ್ತಾಗುತ್ತದೆ. ಬೆಂಕಿಯ ತಾಜಾ ಸುದ್ದಿಗೆ ವಾಚ್ ಡ್ಯೂಟಿ ಆ್ಯಪ್ ಚೆನ್ನಾಗಿದೆ. ಹೈವೇ ಬಂದ್ ಆದಾಗ ಫೋನಿನ ಮ್ಯಾಪ್ ಕಾಡಿನ ಮಣ್ಣುರಸ್ತೆ ತೋರಿಸಿದರೆ ಆ ಕಡೆ ತಿರುಗಲೇಬೇಡಿ.

ನಾನು ತುಂಬಾ ಕಟ್ಟುನಿಟ್ಟಾಗಿರುವುದು ಒಂದೇ ದಾರಿ ಇರುವ ಜಾಗಗಳ ವಿಷಯದಲ್ಲಿ. 2020ರ ಸೆಪ್ಟೆಂಬರ್‌ನಲ್ಲಿ ಕ್ರೀಕ್ ಫೈರ್ ಬಂದಾಗ ಮ್ಯಾಮತ್ ಪೂಲ್ ಜಲಾಶಯದ ಹತ್ತಿರ ರಸ್ತೆ ಕಟ್ಟಾಗಿ, 200ಕ್ಕೂ ಹೆಚ್ಚು ಜನರನ್ನು ಹೆಲಿಕಾಪ್ಟರ್‌ನಲ್ಲಿ ಹೊರತರಬೇಕಾಯಿತು. ಹವಾಮಾನ ಇಲಾಖೆ ರೆಡ್ ಫ್ಲ್ಯಾಗ್ ವಾರ್ನಿಂಗ್ (ಬೆಂಕಿ ಬೇಗ ಹರಡುವ ಹವೆ ಇದೆ ಅನ್ನುವ ಎಚ್ಚರಿಕೆ) ಕೊಟ್ಟ ದಿನ ಅಂಥ ಕಡೆ ರಾತ್ರಿ ಉಳಿಯುವುದು ಬೇಡ. ಇವ್ಯಾಕ್ಯುಯೇಷನ್ ವಾರ್ನಿಂಗ್ (ಜಾಗ ಬಿಡಲು ಸಿದ್ಧರಾಗಿ ಅನ್ನುವ ಎಚ್ಚರಿಕೆ) ಬಂದ ಕೂಡಲೇ ಹೊರಡಿ, ಆರ್ಡರ್ (ಜಾಗ ಬಿಡಲೇಬೇಕು ಅನ್ನುವ ಆದೇಶ) ಬರಲಿ ಅಂತ ಕಾಯಬೇಡಿ. ಅಲ್ಲಿನವರಿಗೆ ಮನೆ, ದನಕರು ಇರುತ್ತವೆ. ನಮ್ಮದು ಬರೀ ಸೂಟ್‌ಕೇಸು ಅಲ್ವಾ? ಒರೆಗಾನ್‌ನಲ್ಲಾದರೆ ಲೆವೆಲ್ 1, 2, 3 ಅನ್ನುತ್ತಾರೆ. 3 ಅಂದರೆ ತಕ್ಷಣ ಹೊರಡಬೇಕು.

ಸರಿ, ಎಲ್ಲಿಗೆ ಹೋಗುವುದು? ಯೊಸೆಮಿಟಿ ಪಾರ್ಕ್ ಬಿಟ್ಟು ಸಿಕೋಯಾ ಪಾರ್ಕಿಗೆ ಹೋಗುವುದು ಬದಲಾವಣೆಯೇ ಅಲ್ಲ. ಅದೇ ಬೆಟ್ಟಸಾಲು, ಎಷ್ಟೋ ಸಲ ಅದೇ ಹೊಗೆ. ನಾನು ಸಮುದ್ರದ ಕಡೆ ತಿರುಗಿಸುತ್ತೇನೆ: ಮಾಂಟೆರೆ, ಮೆಂಡೊಸಿನೊ, ಇಲ್ಲವೇ ಉತ್ತರದ ರೆಡ್‌ವುಡ್ ಕಾಡು. ಕಡಲಗಾಳಿ ಸಾಮಾನ್ಯವಾಗಿ ಹೊಗೆಯನ್ನು ಒಳನಾಡಿಗೆ ತಳ್ಳುತ್ತದೆ. ಇದೂ ಗ್ಯಾರಂಟಿಯಲ್ಲ. 2020ರಲ್ಲಿ ಸಾಂತಾ ಕ್ರೂಜ್ ಬೆಟ್ಟಗಳೂ ಬಿಗ್ ಸರ್ ಕೂಡ ಉರಿದಿದ್ದವು. ಆದರೂ ಮ್ಯಾಪ್ ನೋಡಿ ತೀರ್ಮಾನ ಮಾಡುವಾಗ ಮೊದಲು ಪಶ್ಚಿಮ ನೋಡಿ. ಇದಕ್ಕೆ ಅನುಕೂಲವಾಗಲಿ ಅಂತಲೇ ನಾನು ಬೆಟ್ಟದ ದಿನಗಳನ್ನೂ ಕಡಲಿನ ದಿನಗಳನ್ನೂ ಬೇರೆ ಬೇರೆ ಗುಂಪಾಗಿ ಇಡುತ್ತೇನೆ. ಬೇಕಾದರೆ ಹಿಂದುಮುಂದು ಮಾಡಬಹುದು. ಸ್ವಲ್ಪ ದುಡ್ಡು ಜಾಸ್ತಿಯಾದರೂ ರದ್ದು ಮಾಡಬಹುದಾದ ರೂಮುಗಳನ್ನೇ ಬುಕ್ ಮಾಡಿ. ಹೊಗೆ ಇದೆ ಅಂತ ಎಲ್ಲ ಹೋಟೆಲಿನವರೂ ಹಣ ವಾಪಸ್ ಕೊಡುವುದಿಲ್ಲ. ಫೋನ್ ಮಾಡಿ ನಯವಾಗಿ ಕೇಳಿದರೆ ದಿನಾಂಕವನ್ನಾದರೂ ಬದಲಿಸಿ ಕೊಡಬಹುದು.

ತಿರುಗುವ ಮೊದಲು ಹೊಸ ರೂಮ್ ಹಿಡಿದುಕೊಳ್ಳಿ, ಅದೂ ಸಾಕಷ್ಟು ದೂರದಲ್ಲಿ. 2021ರ ಆಗಸ್ಟ್ 30ರಂದು ಕಾಲ್ಡೋರ್ ಫೈರ್‌ಗೆ ಸೌತ್ ಲೇಕ್ ಟಾಹೋ ಊರನ್ನೇ ಖಾಲಿ ಮಾಡಿಸಿದಾಗ ರಸ್ತೆ ತುಂಬಾ ಕಾರುಗಳು ಸಾಲುಗಟ್ಟಿದ್ದವು. ಅಂಥ ಹೊತ್ತಿನಲ್ಲಿ ಅಕ್ಕಪಕ್ಕದ ಊರಿನ ರೂಮುಗಳು ಮನೆ ಬಿಟ್ಟು ಬಂದವರಿಗೆ ಬೇಕು. ನಿಮಗೆ ಬೇಡವಾದ ಬುಕಿಂಗ್ ಅಲ್ಲಿದ್ದರೆ ಸುಮ್ನೆ ಇಟ್ಟುಕೊಳ್ಳದೆ ಆ ಕೂಡಲೇ ರದ್ದು ಮಾಡಿ.

ಕಾರಿನ ವಿಷಯ ಚುಟುಕಾಗಿ. ಪೆಟ್ರೋಲ್ ಅರ್ಧ ಟ್ಯಾಂಕಿಗಿಂತ ಕೆಳಗಿಳಿಯಬಾರದು. ಜೋರು ಗಾಳಿಯ ದಿನ ಬೆಂಕಿಯ ಭಯಕ್ಕೆ ವಿದ್ಯುತ್ ಕಂಪನಿಯವರೇ ಕರೆಂಟ್ ತೆಗೆಯುವುದುಂಟು. ಆಗ ಪಂಪೂ ಓಡುವುದಿಲ್ಲ, ಎಲೆಕ್ಟ್ರಿಕ್ ಕಾರಿಗೆ ಚಾರ್ಜೂ ಸಿಗುವುದಿಲ್ಲ. ಹೊಗೆಯಲ್ಲಿ ಕಿಟಕಿ ಮುಚ್ಚಿ, ಎಸಿಯನ್ನು ಒಳಗಾಳಿಗೆ ಹಾಕಿ, ಹೆಡ್‌ಲೈಟ್ ಉರಿಸಿ. ಬಟ್ಟೆಯ ಮಾಸ್ಕ್‌ನಿಂದ ಪ್ರಯೋಜನವಿಲ್ಲ, ಎನ್95 ಬೇಕು. ಮ್ಯಾಪನ್ನು ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ಅಪ್ಪ, ಅಮ್ಮನ ಪಾಸ್‌ಪೋರ್ಟ್, ಮಾತ್ರೆ, ಇನ್ಹೇಲರ್ ಒಂದೇ ಚೀಲದಲ್ಲಿ ಅಮ್ಮನ ಕಾಲ ಬಳಿ ಇರುತ್ತದೆ. ಡಿಕ್ಕಿಯಲ್ಲಿ ಅಲ್ಲ.

ಒಣಹುಲ್ಲಿನ ಮೇಲೆ ಗಾಡಿ ನಿಲ್ಲಿಸಬೇಡಿ, ಕೆಳಗಿನ ಬಿಸಿ ಸೈಲೆನ್ಸರ್ ಸಾಕು ಕಿಡಿ ಹಚ್ಚಲು. ಟ್ರೈಲರ್ ಎಳೆಯುವವರು ಟೈರ್ ಗಾಳಿಯನ್ನೂ ತೂಗಾಡುವ ಚೈನನ್ನೂ ಹೊರಡುವ ಮೊದಲು ನೋಡಲೇಬೇಕು. 2018ರಲ್ಲಿ 'ಕಾರ್' (Carr) ಫೈರ್ ಅನ್ನುವ ಕಾಡ್ಗಿಚ್ಚು ಶುರುವಾಗಿದ್ದೇ ಒಂದು ಟ್ರೈಲರಿನ ಟೈರ್ ಪಂಕ್ಚರ್ ಆಗಿ ರಿಮ್ಮು ರಸ್ತೆಗೆ ಉಜ್ಜಿದಾಗ ಹಾರಿದ ಕಿಡಿಯಿಂದ.