ನಿಮ್ಮೂರ ಚರಿತ್ರೆ ಬರೆಯುವುದು ಹೇಗೆ: ದುರ್ಗ, ದಾವಣಗೆರೆ ಸೀಮೆಯವರಿಗೆ

ಊರಿನ ಚರಿತ್ರೆ ಬರೆಯಲು ಹೊರಟವರು ಮೊದಲು ಹೋಗುವುದು ಹಿರಿಯರ ಹತ್ತಿರ. ಎಡವುವುದೂ ಅಲ್ಲೇ. ನಮ್ಮ ಸೀಮೆಯಲ್ಲಿ ಯಾವ ಹಾಳುಗೋಡೆ ತೋರಿಸಿದರೂ ಮದಕರಿ ನಾಯಕ ಕಟ್ಟಿಸಿದ್ದು ಅಂತಾರೆ. ಕೆತ್ತನೆಯ ಕಂಬ ಕಂಡರೆ ಜಕಣಾಚಾರಿಯದು, ಬಂಡೆ ಸೀಳಿದ್ದರೆ ಭೀಮ ಒದ್ದದ್ದು. ಇಷ್ಟು ಕೇಳಿಕೊಂಡು ಕಲ್ಲಿನ ಮುಂದೆ ನಿಂತರೆ ಕಣ್ಣಿಗೂ ಅದೇ ಕಾಣುತ್ತದೆ. ಆದ್ದರಿಂದ ಮೊದಲು ಕಲ್ಲು, ಆಮೇಲೆ ಕಾಗದ, ಕೊನೆಗೆ ಕಥೆ.

ಕಲ್ಲು ಹುಡುಕಲು ಏಪ್ರಿಲ್, ಮೇ ತಿಂಗಳೇ ಸರಿ. ಹುಲ್ಲು ಒಣಗಿರುತ್ತದೆ, ಕೆರೆಯ ನೀರು ಇಳಿದು ತೂಬಿನ ಕಂಬ ಬುಡದವರೆಗೆ ಕಾಣುತ್ತದೆ. ತಾಲೂಕಿನ ಸರ್ವೆ ಕಚೇರಿಯಿಂದ ಗ್ರಾಮನಕ್ಷೆಯ ಪ್ರತಿ ಪಡೆಯಿರಿ. ಪಕ್ಕದಲ್ಲಿ ಬೇಚರಾಕ್ ಗ್ರಾಮ (ಜನವಸತಿ ಇಲ್ಲದ ಊರು) ಇದೆಯೇ ನೋಡಿ. ಹಾಳೂರಿನ ಗುಡಿ, ವೀರಗಲ್ಲು ಅಲ್ಲಿ ಉಳಿದಿರುವುದು ಹೆಚ್ಚು. ನಕ್ಷೆ ಹಿಡಿದು ಅಗಸೆಯಿಂದ (ಊರಬಾಗಿಲಿನಿಂದ) ಶುರುಮಾಡಿ ಊರನ್ನು ಒಂದು ಸುತ್ತು ಹಾಕಿ. ಆಮೇಲೆ ಕೆರೆ ಏರಿ, ತೂಬು, ಕೋಡಿ, ಹುಡೇವು (ಹಳೇ ಕಾವಲು ಬುರುಜು), ಆಂಜನೇಯನ ಗುಡಿ ಹಿಂಭಾಗ, ಊರಮ್ಮನ ಕಟ್ಟೆ. ಬಟ್ಟೆ ಒಗೆಯುವ ಕಲ್ಲು, ಮೋರಿ ಮುಚ್ಚಿದ ಚಪ್ಪಡಿ, ಹಟ್ಟಿಯ ಮುಂದಿನ ಮೆಟ್ಟಿಲು ಇವನ್ನು ಬಿಡಬೇಡಿ. ಶಾಸನದ ಅರ್ಧ ತುಂಡು ಸಿಗುವುದು ಇಂಥ ಕಡೆಯೇ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಲಿಂಗದ ಮುಂದೆ ಅವನು ಕೂತದ್ದು, ತುದಿಗೆ ಸೂರ್ಯ ಚಂದ್ರ. ಕೆಳಗೆ ದನಗಳಿದ್ದರೆ ಅದು ತುರುಗಾಳಗ (ದನಗಳಿಗಾಗಿ ನಡೆದ ಕಾಳಗ), ರಾಜರ ಯುದ್ಧವೆಂದು ಬರೆಯಬೇಡಿ. ಕಂಬದಿಂದ ಮಡಿಸಿದ ತೋಳು, ಬಳೆ, ತೆರೆದ ಅಂಗೈ ಇದ್ದರೆ ಮಾಸ್ತಿಗಲ್ಲು, ಸತಿ ಹೋದವಳ ನೆನಪಿನ ಕಲ್ಲು. ಹೊಲದ ಬದುವಿನಲ್ಲಿ ಬರೀ ಲಿಂಗ ಕೆತ್ತಿದ ಕಲ್ಲು ಸಿಕ್ಕರೆ ಅದು ದತ್ತಿ ಭೂಮಿಯ ಗಡಿಗಲ್ಲು. ವಾಮನಮುದ್ರೆ (ಕೊಡೆ ಹಿಡಿದ ವಾಮನನ ಚಿತ್ರ) ಇದ್ದರೆ ವಿಷ್ಣುವಿನ ಗುಡಿಯದು, ಮುಕ್ಕೊಡೆ (ಒಂದರ ಮೇಲೊಂದು ಮೂರು ಕೊಡೆ) ಇದ್ದರೆ ಜೈನ ಬಸದಿಯದು. ಬಸದಿಯ ಹೆಸರೇ ಕೇಳದ ಊರಿನಲ್ಲಿ ಮುಕ್ಕೊಡೆ ಸಿಕ್ಕಿತೆಂದರೆ ಒಂದು ಅಧ್ಯಾಯವೇ ಸಿಕ್ಕ ಹಾಗೆ.

ಅಕ್ಷರ ಓದುವ ಆಸೆಗೆ ಸುಣ್ಣ, ಸೀಮೆಸುಣ್ಣ, ಎಣ್ಣೆ, ಮೈದಾಹಿಟ್ಟು ಯಾವುದನ್ನೂ ಬಳಿಯಬಾರದು. ಹಿಟ್ಟು ಇರುವೆ, ಪಾಚಿ ಹಿಡಿಸುತ್ತದೆ. ಸೀಮೆಸುಣ್ಣದಲ್ಲಿ ನೀವು ತಿದ್ದಿದ ಗೆರೆಯನ್ನೇ ಮುಂದೆ ಬಂದವರು ಅಕ್ಷರವೆಂದು ಓದುತ್ತಾರೆ. ಮೆತ್ತನೆ ಬ್ರಷ್‌ನಿಂದ ಧೂಳು ತೆಗೆದು, ಬೇಕಾದರೆ ನೀರು ಚಿಮುಕಿಸಿ, ಅರೆ ಒಣಗುವ ಹೊತ್ತಿಗೆ ಫೋಟೊ ತೆಗೆಯಿರಿ. ಬಿಸಿಲು ಓರೆಯಾಗಿ ಬೀಳುವ ಬೆಳಗ್ಗೆ ಅಥವಾ ಸಂಜೆ ಒಳ್ಳೆಯದು. ಬಿಸಿಲು ಬೀಳದ ಮುಖವಾದರೆ ಕತ್ತಲಾದ ಮೇಲೆ ಹೋಗಿ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ, ಮುಖಕ್ಕೆ ತಾಗುವಷ್ಟು ಓರೆಯಲ್ಲಿ ಹಿಡಿಯಿರಿ. ನೇರ ಬೆಳಕಿಗೆ ಅಕ್ಷರ ಮಾಯವಾಗುತ್ತದೆ. 30 ಸೆಂ.ಮೀ. ಅಳತೆಪಟ್ಟಿ ಪಕ್ಕಕ್ಕಿಟ್ಟು ಇಡೀ ಕಲ್ಲಿನದು ಒಂದು, ಆಮೇಲೆ ಮೂರನೇ ಒಂದು ಭಾಗ ಒಂದರ ಮೇಲೊಂದು ಬರುವಂತೆ ತುಂಡುತುಂಡಾಗಿ. ಎರಡು ಬದಿ, ಬೆನ್ನು ಮರೆಯಬೇಡಿ, ಶಾಸನ ಅಲ್ಲಿಗೂ ಮುಂದುವರಿದಿರುತ್ತದೆ. ಹೂತ ಬುಡವನ್ನು ಅಗೆಯಬೇಡಿ.

ಫೋಟೊ ಆದ ಮೇಲೆ ಕಾಗದ. ನಿಮ್ಮ ಊರಿನ ಶಾಸನ ಆಗಲೇ ಅಚ್ಚಾಗಿರಬಹುದು. ಬಿ.ಎಲ್. ರೈಸ್ ಸಂಪಾದಿಸಿದ, ಜಿಲ್ಲಾವಾರು ಶಾಸನ ಸಂಪುಟಗಳ ಮಾಲೆಯಾದ ಎಪಿಗ್ರಾಫಿಯಾ ಕರ್ನಾಟಿಕಾದ 11ನೇ ಸಂಪುಟ (1903) ಅಂದಿನ ಚಿತ್ರದುರ್ಗ ಜಿಲ್ಲೆಯದು. ಆದರೆ ಇಂದಿನ ಜಿಲ್ಲೆ ನೋಡಿ ಹುಡುಕಿದರೆ ದಾರಿ ತಪ್ಪುತ್ತದೆ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಹಾಗಾಗಿ ದಾವಣಗೆರೆ, ಜಗಳೂರಿನವರು 11ನೇ ಸಂಪುಟವನ್ನೇ ತೆಗೆಯಬೇಕು. ಹರಿಹರದ ಶಾಸನಗಳು ಅದರಲ್ಲಿ ದಾವಣಗೆರೆ ತಾಲೂಕಿನ ಕೆಳಗಿವೆ. ಚನ್ನಗಿರಿ, ಹೊನ್ನಾಳಿ ಆಗ ಶಿವಮೊಗ್ಗದಲ್ಲಿದ್ದವು, ಅವು 7ನೇ ಸಂಪುಟದಲ್ಲಿವೆ. ಹರಪನಹಳ್ಳಿ ಆಗ ಮದರಾಸು ಆಧಿಪತ್ಯದಲ್ಲಿತ್ತು. ಅದಕ್ಕೆ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್‌ನ 9ನೇ ಸಂಪುಟ ನೋಡಬೇಕು. ರೈಸ್ ಪ್ರತಿ ಶಾಸನದ ಮೇಲೆ ಅದು ಊರಿನ ಯಾವ ದಿಕ್ಕಿಗೆ, ಯಾವ ಗುಡಿ ಹತ್ತಿರ ಇತ್ತೆಂದು ಬರೆದಿದ್ದಾನೆ. ಈಗ ಅಲ್ಲಿಲ್ಲದಿದ್ದರೆ ಅದನ್ನೂ ದಾಖಲಿಸಿ.

ಕಾಲ ಲೆಕ್ಕ ಹಾಕುವಾಗ ಶಾಸನದ ಶಕವರ್ಷಕ್ಕೆ ಸುಮ್ಮನೆ 78 ಸೇರಿಸಿ, ಬಂದದ್ದೇ ಕ್ರಿ.ಶ. ಇಸವಿ ಎಂದು ಕೈತೊಳೆದುಕೊಳ್ಳುವವರೇ ಜಾಸ್ತಿ. ಸಂವತ್ಸರದ ಜೊತೆ ತಾಳೆ ನೋಡಲೇಬೇಕು. ಶಕವರ್ಷಕ್ಕೆ 12 ಸೇರಿಸಿ 60ರಿಂದ ಭಾಗಿಸಿ. ಉಳಿದ ಶೇಷ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ, ಶೇಷ ಸೊನ್ನೆಯಾದರೆ ಕೊನೆಯದಾದ ಕ್ಷಯ. ಉದಾಹರಣೆಗೆ ಶಕ 1258: 12 ಸೇರಿದರೆ 1270, ಶೇಷ 10, ಅಂದರೆ ಧಾತು, ಕ್ರಿ.ಶ. 1336. ಕಲ್ಲಿನ ಮೇಲಿನ ಸಂವತ್ಸರ ಒಂದು ಹಿಂದಿನದಾಗಿದ್ದರೆ ಅಲ್ಲಿ ಬರೆದದ್ದು ನಡೆಯುತ್ತಿರುವ ವರ್ಷ, 77 ಸೇರಿಸಿ. ಪುಷ್ಯ, ಮಾಘ, ಫಾಲ್ಗುಣ ಮಾಸಗಳ ತೇದಿ ಜನವರಿ ಒಂದನ್ನು ದಾಟಿದ್ದರೆ ಇಸವಿ ಒಂದು ಮುಂದೆ ಹೋಗುತ್ತದೆ. ವ್ಯತ್ಯಾಸ ಅದಕ್ಕೂ ಮೀರಿದರೆ ಅಂಕಿಯನ್ನು ನೀವು ತಪ್ಪು ಓದಿರಬಹುದು, ಫೋಟೊಗೆ ವಾಪಸ್ ಹೋಗಿ. ಚಾಳುಕ್ಯ ವಿಕ್ರಮ ವರ್ಷವೆಂದಿದ್ದರೆ 1075 ಸೇರಿಸಬೇಕು. ಅದು ಆರನೇ ವಿಕ್ರಮಾದಿತ್ಯ 1076ರಲ್ಲಿ ಶುರುಮಾಡಿದ ಎಣಿಕೆ.

ಶಾಸನವಿಲ್ಲದ ಗುಡಿಗೆ ಕಂಬವೇ ಆಧಾರ. ಬಳಪದ ಕಲ್ಲಿನಲ್ಲಿ ತಿರುಗಣಿಯಿಂದ ಕಡೆದ ಉರುಟು ಕಂಬ ಸಾಮಾನ್ಯವಾಗಿ ಚಾಳುಕ್ಯ, ಹೊಯ್ಸಳರ ಕಾಲದ್ದು. ಕಣಶಿಲೆಯ (ಗ್ರಾನೈಟ್) ಚೌಕ ಕಂಬ ಹೆಚ್ಚಾಗಿ ವಿಜಯನಗರ, ಪಾಳೆಯಗಾರರ ಕಾಲದ್ದು. ಕಣ್ಣು ಪಳಗಲು ಒಮ್ಮೆ ಹರಿಹರಕ್ಕೆ ಹೋಗಿ ಬನ್ನಿ. ಅಲ್ಲಿಯ ಹರಿಹರೇಶ್ವರ ಗುಡಿಯನ್ನು ಹೊಯ್ಸಳ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ್ದು ಶಾಸನದಲ್ಲೇ ಇದೆ. ಆದರೂ ಕಂಬ ನಂಬಿ ಗುಡಿಗೆ ಇಸವಿ ಹಾಕಬೇಡಿ. ಹಳೇ ಗುಡಿಯ ಕಂಬ ತಂದು ಹೊಸದಕ್ಕೆ ನಿಲ್ಲಿಸುವುದು ಎಲ್ಲ ಕಾಲದಲ್ಲೂ ನಡೆದಿದೆ. ‘ಕಂಬ ಇಂಥ ಕಾಲದ್ದು’ ಎಂದಷ್ಟೇ ಬರೆಯಿರಿ.

ಈಗ ಹಿರಿಯರು. ‘ಊರಿನ ಇತಿಹಾಸ ಹೇಳಿ’ ಅಂದರೆ ಭೀಮನೇ ಬರುತ್ತಾನೆ. ಅದರ ಬದಲು ಜಾತ್ರೆಯಲ್ಲಿ ಮೊದಲ ಪೂಜೆ ಯಾರ ಮನೆಯದು, ತೇರು ಎಲ್ಲಿವರೆಗೆ ಹೋಗಿ ತಿರುಗುತ್ತದೆ, ಹಳೇ ಊರು ಎಲ್ಲಿತ್ತು, ಅಲ್ಲಿಂದ ಯಾಕೆ ಎದ್ದು ಬಂದರು ಎಂದು ಕೇಳಿ. ವರ್ಷ ಕೇಳದೆ ಗುರುತು ಕೇಳಿ: ಧಾತು ಈಶ್ವರ ಬರಕ್ಕೆ (1876–78) ಮುಂಚೆಯೋ ಆಮೇಲೋ, ಮಾರಿಕಣಿವೆ (ವಾಣಿವಿಲಾಸ ಸಾಗರ) ಕಟ್ಟೆ ಮುಗಿಯುವ (1907) ಹೊತ್ತಿಗೋ? ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಹಟ್ಟಿಗಳಲ್ಲಿ ಗುಡಿಯ ಒಳಗೆ ಯಾರು ಹೋಗಬಹುದು, ಚಪ್ಪಲಿ ಎಲ್ಲಿ ಬಿಡಬೇಕು ಎಂಬುದನ್ನು ಪೂಜಾರಪ್ಪನನ್ನು ಮೊದಲೇ ಕೇಳಿಕೊಳ್ಳಿ, ಕ್ಯಾಮೆರಾ ಆಮೇಲೆ. ಕೇಳಿದ ಕಥೆಯನ್ನು ತಿದ್ದದೆ, ಹೇಳಿದವರ ಮಾತಿನಲ್ಲೇ, ಬೇರೆ ಭಾಗವಾಗಿ ಇಡಿ. ಶಾಸನದ ಸಂಗತಿಯ ನಡುವೆ ಅದನ್ನು ಬೆರೆಸಿದರೆ ಎರಡೂ ಕೆಡುತ್ತವೆ.

ಅಚ್ಚಿಗೆ ಕೊಡುವ ಮುಂಚೆ ಒಂದು ಎಚ್ಚರ. ಊರ ಹೊರಗೆ ಒಂಟಿಯಾಗಿರುವ ಕಲ್ಲುಗಳ ಸರ್ವೆ ನಂಬರು, ಮೊಬೈಲ್ ತೋರಿಸುವ ನಿಖರ ಜಾಗ ಪುಸ್ತಕದಲ್ಲಿ ಬೇಡ. ನಿಧಿ ಆಸೆಯವರು ಲಿಂಗದ ಪಾಣಿಪೀಠ ಕಿತ್ತು ಹಾಕಿದ ಗುಡಿಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ. ಆ ವಿವರ ಪಂಚಾಯಿತಿ ಮತ್ತು ಪುರಾತತ್ವ ಇಲಾಖೆಗೆ ಕೊಡುವ ಪ್ರತಿಯಲ್ಲಿದ್ದರೆ ಸಾಕು. ಊರಿನವರು ಉತ್ಸಾಹದಿಂದ ಫಲಕ ಹಾಕಿಸುತ್ತೇವೆಂದರೆ ಕಲ್ಲಿಗೆ ಮೊಳೆ ಹೊಡೆಯದೆ ಎರಡು ಮಾರು ದೂರಕ್ಕೆ ನೆಡಿಸಿ. ಕಲ್ಲಿನ ಸುತ್ತ ಸಿಮೆಂಟ್ ಕಟ್ಟೆ ಕಟ್ಟಿಸಲು ಬಿಡಬೇಡಿ. ಕೆಳಗಿನ ಎರಡು ಮೂರು ಸಾಲು ಅದರೊಳಗೆ ಹೂತುಹೋಗುತ್ತವೆ, ದತ್ತಿ ಕೊಟ್ಟ ಭೂಮಿಯ ಎಲ್ಲೆ, ಬರೆದವನ ಹೆಸರು ಸಾಮಾನ್ಯವಾಗಿ ಇರುವುದು ಅಲ್ಲೇ.