ಸೇನೆಯ ಗುಪ್ತಚರ ಕೆಲಸಕ್ಕೆ ಸೇರುವ ಮುಂಚೆ: ಹೊರಗೆ ಬಂದ ಮೇಲೂ ಅನ್ನ ಕೊಡುವ ವಿದ್ಯೆ ಯಾವುದು?

ಅಗ್ನಿವೀರ್ (ನಾಲ್ಕು ವರ್ಷದ ಸೈನಿಕ ನೇಮಕಾತಿ) ಅರ್ಜಿ ತೆರೆದು ನೋಡಿ. ಜನರಲ್ ಡ್ಯೂಟಿ, ಟೆಕ್ನಿಕಲ್, ಕ್ಲರ್ಕ್/ಸ್ಟೋರ್ ಕೀಪರ್ ಟೆಕ್ನಿಕಲ್, ಟ್ರೇಡ್ಸ್‌ಮನ್ ಅಂತ ಇರುತ್ತದೆ. ‘ಇಂಟೆಲಿಜೆನ್ಸ್’ ಅಂತ ಎಲ್ಲೂ ಇರುವುದಿಲ್ಲ. ನೀವು ಆರಿಸಿಕೊಳ್ಳುವುದು ಕೆಟಗರಿಯನ್ನು ಮಾತ್ರ. ಯಾವ ಕೋರ್‌ಗೆ (ಸೇನೆಯ ವಿಭಾಗಕ್ಕೆ) ಹೋಗಬೇಕು ಎನ್ನುವುದನ್ನು ಅಂಕ, ಖಾಲಿ ಹುದ್ದೆ ಮತ್ತು ತನ್ನ ಅಗತ್ಯ ನೋಡಿ ಸೇನೆಯೇ ತೀರ್ಮಾನಿಸುತ್ತದೆ. ಇಂಟೆಲಿಜೆನ್ಸ್ ಕೋರ್ ಇದೆ, ಪುಣೆಯಲ್ಲಿ ಅದರದ್ದೇ ತರಬೇತಿ ಶಾಲೆಯೂ ಇದೆ. ಆದರೆ ಅಲ್ಲಿಗೆ ಸೀಟು ಕೊಡಿಸುತ್ತೇನೆ ಎಂದು ಮದ್ದೂರಿನಲ್ಲೋ ಹುಣಸೂರಿನಲ್ಲೋ ಯಾರಾದರೂ ದುಡ್ಡು ಕೇಳಿದರೆ ಅದು ಶುದ್ಧ ಮೋಸ. ಪರೀಕ್ಷಾ ಶುಲ್ಕ ಬಿಟ್ಟರೆ ನೇಮಕಾತಿಯಲ್ಲಿ ಒಂದು ರೂಪಾಯಿಯ ಖರ್ಚೂ ಇಲ್ಲ.

ಹಾಗಾಗಿ ಕೋರ್‌ನ ಹೆಸರಿನ ಬೆನ್ನು ಹತ್ತಬೇಡಿ, ಕೆಲಸದ ಬೆನ್ನು ಹತ್ತಿ. ಗುಪ್ತಚರ ಅಂದರೆ ವೇಷ ಮರೆಸಿಕೊಂಡು ಓಡಾಡುವುದು ಅಂತ ಊರಲ್ಲಿ ಅಂದುಕೊಂಡಿರುತ್ತಾರೆ. ನಿಜದಲ್ಲಿ ಬಹುಪಾಲು ಕೆಲಸ ಕುರ್ಚಿಯ ಮೇಲೆ ನಡೆಯುತ್ತದೆ: ಆಲಿಸುವುದು, ಚಿತ್ರ ನೋಡುವುದು, ಓದುವುದು, ಹೋಲಿಸುವುದು, ಒಂದು ಪುಟದ ವರದಿ ಬರೆಯುವುದು. ಇದರಲ್ಲಿ ಯಾವ ಭಾಗ ನಿಮ್ಮ ಕೈಗೆ ಬಂದರೆ ಹೊರಗೆ ಯಾವ ಬಾಗಿಲು ತೆರೆಯುತ್ತದೆ ಎನ್ನುವುದು ಲೆಕ್ಕಕ್ಕೆ ಬರುವ ವಿಷಯ.

ಮೊದಲನೆಯದು ರೇಡಿಯೊ, ನೆಟ್‌ವರ್ಕ್, ಸೈಬರ್ ಕಡೆಯ ಕೆಲಸ, ಇದಕ್ಕೆ ಹೊರಗಿನ ಬೇಡಿಕೆ ಅತಿ ಹೆಚ್ಚು. ಸಿಗ್ನಲ್ಸ್ ಕೋರ್, ವಾಯುಪಡೆಯ ತಾಂತ್ರಿಕ ವಿಭಾಗ, ನೌಕಾಪಡೆಯ ಸಂವಹನ ಮತ್ತು ಎಲೆಕ್ಟ್ರಿಕಲ್ ವಿಭಾಗಗಳಲ್ಲಿ ಕಲಿತದ್ದು ಬೆಂಗಳೂರಿನ ಟೆಲಿಕಾಂ ಕಂಪನಿಗೂ ಸೈಬರ್ ಭದ್ರತಾ ನಿಗಾ ಕೇಂದ್ರಕ್ಕೂ ನೇರವಾಗಿ ಹೊಂದುತ್ತದೆ. ಅಲ್ಲೂ ಪಾಳಿ ಕೆಲಸ, ಅಲ್ಲೂ ಲಾಗ್ (ಯಂತ್ರಗಳ ಚಟುವಟಿಕೆಯ ದಾಖಲೆ) ಓದುವುದು, ಅನುಮಾನ ಬಂದರೆ ಮೇಲಿನವರಿಗೆ ತಿಳಿಸುವುದು. ಎರಡನೆಯದು ಚಿತ್ರ ಮತ್ತು ನಕ್ಷೆ, ಅಂದರೆ ಉಪಗ್ರಹ ಚಿತ್ರ, ಡ್ರೋನ್ ಚಿತ್ರ, ಸರ್ವೆ. ಹೊರಗೆ ಇದು ಜಿಐಎಸ್ (ಕಂಪ್ಯೂಟರ್‌ನಲ್ಲಿ ನಕ್ಷೆ, ಭೂಮಾಹಿತಿ ಜೋಡಿಸುವ) ಕೆಲಸವಾಗುತ್ತದೆ. ಭೂದಾಖಲೆ, ನೀರಾವರಿ, ಬೆಳೆ ವಿಮೆ, ಹೆದ್ದಾರಿ ಯೋಜನೆ ಎಲ್ಲಕ್ಕೂ ಇಂಥವರು ಬೇಕು. ಮೂರನೆಯದು ಭಾಷೆ. ನಾಲ್ಕನೆಯದು ಜನರೊಡನೆ ಮಾತಾಡಿ ಮಾಹಿತಿ ಪಡೆಯುವುದು. ಇದು ಅತಿ ಕಷ್ಟದ ವಿದ್ಯೆ, ಆದರೆ ಕಾಗದದ ಮೇಲೆ ತೋರಿಸಲು ಆಗುವುದಿಲ್ಲ. ಬ್ಯಾಂಕಿನ ವಂಚನೆ ತನಿಖೆ, ಕಂಪನಿಗಳ ಭದ್ರತಾ ವಿಭಾಗ ಇವರನ್ನು ತೆಗೆದುಕೊಳ್ಳುತ್ತವೆ, ಆದರೆ ಜೊತೆಗೆ ಪದವಿ ಇರಲೇಬೇಕು. ನಾಲ್ಕರಲ್ಲಿ ಒಂದನ್ನು ಹೇಳಿ ಎಂದರೆ ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಓದಿದವರಿಗೆ ಮೊದಲನೆಯದು, ಬಿಎಸ್ಸಿ ಗಣಿತದವರಿಗೆ ಎರಡನೆಯದು.

ಒಂದು ತಪ್ಪು ಕಲ್ಪನೆಯನ್ನು ಇಲ್ಲೇ ಬಿಡಿಸಿಬಿಡಬೇಕು. ಅಮೆರಿಕದ ವಿಡಿಯೊಗಳಲ್ಲಿ ‘ಸೆಕ್ಯುರಿಟಿ ಕ್ಲಿಯರೆನ್ಸ್ (ರಹಸ್ಯ ಮಾಹಿತಿ ನೋಡಲು ಪರಿಶೀಲನೆ ಮಾಡಿ ಕೊಡುವ ಅನುಮತಿ) ಇದ್ದರೆ ಸಂಬಳ ದುಪ್ಪಟ್ಟು’ ಎನ್ನುತ್ತಾರೆ. ಅಲ್ಲಿ ರಕ್ಷಣಾ ಗುತ್ತಿಗೆ ಕಂಪನಿಗಳು ಕ್ಲಿಯರೆನ್ಸ್ ಇರುವವರನ್ನೇ ಹುಡುಕುವುದು ನಿಜ. ನಮ್ಮಲ್ಲಿ ಸೇನೆಯಲ್ಲಿ ಆದ ಪರಿಶೀಲನೆಯನ್ನು ಜೇಬಿನಲ್ಲಿಟ್ಟುಕೊಂಡು ಖಾಸಗಿ ಕಂಪನಿಗೆ ತೋರಿಸುವ ಪದ್ಧತಿ ಇಲ್ಲ. ಮುಂದಿನ ಉದ್ಯೋಗದಾತ ಪೊಲೀಸ್ ಪರಿಶೀಲನೆಯನ್ನು ಹೊಸದಾಗಿ ಮಾಡಿಸುತ್ತಾನೆ. ಇಲ್ಲಿ ಬೆಲೆ ಸಿಗುವುದು ಪ್ರಮಾಣಪತ್ರಕ್ಕೆ, ಪದವಿಗೆ, ಮಾಡಿ ತೋರಿಸಬಲ್ಲ ಕೆಲಸಕ್ಕೆ.

ನಿಮ್ಮ ಓದಿಗೆ ಯಾವ ಬಾಗಿಲು

ಪಿಯುಸಿ ವಿಜ್ಞಾನ ಮುಗಿಸಿದವರು ಜನರಲ್ ಡ್ಯೂಟಿಗೆ ಹಾಕುವುದು ಬಹಳ ಸಲ ಅವಸರದ ತೀರ್ಮಾನ. ಅಗ್ನಿವೀರ್ ಟೆಕ್ನಿಕಲ್‌ಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಇಂಗ್ಲಿಷ್ ಇದ್ದು ಒಟ್ಟು ಶೇ 50, ಪ್ರತಿ ವಿಷಯದಲ್ಲಿ ಶೇ 40 ಬೇಕು. ಅಷ್ಟು ಅಂಕ ಇದ್ದರೆ ಟೆಕ್ನಿಕಲ್‌ಗೇ ಹಾಕಿ. ಐಟಿಐ, ಡಿಪ್ಲೊಮಾ ಇದ್ದವರಿಗೆ ಹೆಚ್ಚುವರಿ ಅಂಕವೂ ಉಂಟು. ಎಲೆಕ್ಟ್ರಾನಿಕ್ಸ್ ಅಥವಾ ಕಂಪ್ಯೂಟರ್ ಡಿಪ್ಲೊಮಾ ಮಾಡಿದವರು ವಾಯುಪಡೆಯ ಅಗ್ನಿವೀರ್‌ವಾಯುವನ್ನು ಮೊದಲು ನೋಡಬೇಕು. ಅದರ ತರಬೇತಿ ಶಾಲೆ ಬೆಳಗಾವಿಯ ಸಾಂಬ್ರಾದಲ್ಲೇ ಇದೆ. ವಾಣಿಜ್ಯ ವಿಭಾಗದವರಿಗೆ ಕ್ಲರ್ಕ್ ಕೆಟಗರಿ: ಒಟ್ಟು ಶೇ 60, ಪ್ರತಿ ವಿಷಯದಲ್ಲಿ ಶೇ 50. ಇದನ್ನು ಕೀಳಾಗಿ ಕಾಣುವವರಿದ್ದಾರೆ. ವರದಿ ಬರೆಯುವ, ದಾಖಲೆ ಜೋಡಿಸುವ ಅಭ್ಯಾಸ ಅಲ್ಲಿ ದಿನವೂ ಆಗುತ್ತದೆ, ಗುಪ್ತಚರ ಮೇಜಿಗೆ ಬೇಕಾದದ್ದೂ ಅದೇ. ಹೆಣ್ಣುಮಕ್ಕಳಿಗೆ ಭೂಸೇನೆಯ ಅಗ್ನಿವೀರ್‌ನಲ್ಲಿ ತೆರೆದಿರುವುದು ಮಿಲಿಟರಿ ಪೊಲೀಸ್, ಅದರ ತರಬೇತಿ ಬೆಂಗಳೂರಿನಲ್ಲಿ. ವಾಯುಪಡೆ, ನೌಕಾಪಡೆಗಳಿಗೂ ಅವರು ಅರ್ಜಿ ಹಾಕಬಹುದು.

ಬಿಎಸ್ಸಿ ಗಣಿತ ಆದವರ ಕಣ್ಣಿಗೆ ಬೀಳದೆ ಹೋಗುವ ಒಂದು ಹುದ್ದೆ ಇದೆ: ಎಂಜಿನಿಯರ್ಸ್ ಕೋರ್‌ನ ಹವಾಲ್ದಾರ್ ಸರ್ವೇಯರ್ ಆಟೊಮೇಟೆಡ್ ಕಾರ್ಟೋಗ್ರಾಫರ್. ನಕ್ಷೆ, ಅಳತೆ, ಡಿಜಿಟಲ್ ಭೂದತ್ತಾಂಶವೇ ಇದರ ಕೆಲಸ. ಹುದ್ದೆಗಳು ಕಡಿಮೆ, ಆದರೆ ಹೊರಗಿನ ಜಿಐಎಸ್ ಉದ್ಯೋಗಕ್ಕೆ ಇಷ್ಟು ಸಲೀಸಾಗಿ ಹೊಂದುವ ಹುದ್ದೆ ಸೇನೆಯಲ್ಲಿ ವಿರಳ.

ಪದವಿ ಇದ್ದರೆ ಅಧಿಕಾರಿಯಾಗುವ ದಾರಿಯನ್ನು ಪ್ರಯತ್ನಿಸದೆ ಬಿಡಬೇಡಿ. ಅದರ ಪ್ರವೇಶ ಪರೀಕ್ಷೆ ಸಿಡಿಎಸ್ ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಎನ್‌ಸಿಸಿ ‘ಸಿ’ ಸರ್ಟಿಫಿಕೇಟ್‌ನಲ್ಲಿ ಕನಿಷ್ಠ ‘ಬಿ’ ಗ್ರೇಡ್, ಪದವಿಯಲ್ಲಿ ಶೇ 50 ಇದ್ದರೆ ಲಿಖಿತ ಪರೀಕ್ಷೆಯೇ ಇಲ್ಲದೆ ಎಸ್‌ಎಸ್‌ಬಿ (ಅಧಿಕಾರಿಗಳ ಆಯ್ಕೆ ಮಂಡಳಿ) ಸಂದರ್ಶನಕ್ಕೆ ಕರೆ ಬರಬಹುದು. ಶಾರ್ಟ್ ಸರ್ವಿಸ್, ಅಂದರೆ ಸೀಮಿತ ಅವಧಿಯ ಅಧಿಕಾರಿ ಸೇವೆ, 10 ವರ್ಷ, ಬೇಕಾದರೆ ಇನ್ನೂ 4. ಮೂವತ್ತೈದರ ಆಸುಪಾಸಿನಲ್ಲಿ ಹೊರಬಂದವರಿಗೆ ಐಐಎಂಗಳಲ್ಲಿ ಸುಮಾರು ಆರು ತಿಂಗಳ ಪುನರ್ವಸತಿ ಕೋರ್ಸ್‌ಗಳೂ ಇವೆ. ವಾಯುಪಡೆಯ ಆಯ್ಕೆ ಮಂಡಳಿಗಳಲ್ಲಿ ಒಂದು ಮೈಸೂರಿನಲ್ಲೇ ಇದೆ. ಅಲ್ಲಿನ ಪರೀಕ್ಷೆಯಲ್ಲಿ 15 ಸೆಕೆಂಡಿಗೊಂದರಂತೆ 60 ಪದಗಳನ್ನು ತೋರಿಸಿ, ಪ್ರತಿಯೊಂದಕ್ಕೂ ಒಂದು ವಾಕ್ಯ ಬರೆಸುತ್ತಾರೆ. ಕೋಚಿಂಗ್‌ನಲ್ಲಿ ಬಾಯಿಪಾಠ ಮಾಡಿದ ವಾಕ್ಯಗಳು ಅಲ್ಲಿ ಒಂದಕ್ಕೊಂದು ತಾಳೆಯಾಗದೆ ಸಿಕ್ಕಿಬೀಳುತ್ತವೆ.

ಗುಪ್ತಚರ ಕೆಲಸವೇ ಬೇಕು, ಸಮವಸ್ತ್ರ ಇಲ್ಲದಿದ್ದರೂ ಪರವಾಗಿಲ್ಲ ಎನ್ನುವವರಿಗೆ ಇಂಟೆಲಿಜೆನ್ಸ್ ಬ್ಯೂರೊ ಇದೆ. ಯಾವುದೇ ಪದವಿಗೆ ಎಸಿಐಒ (ಸಹಾಯಕ ಗುಪ್ತಚರ ಅಧಿಕಾರಿ), ಎಲೆಕ್ಟ್ರಾನಿಕ್ಸ್ ಅಥವಾ ಕಂಪ್ಯೂಟರ್ ಡಿಪ್ಲೊಮಾಕ್ಕೆ ಜೆಐಒ ಟೆಕ್ (ಕಿರಿಯ ಗುಪ್ತಚರ ಅಧಿಕಾರಿ, ತಾಂತ್ರಿಕ), ಎಸ್ಸೆಸ್ಸೆಲ್ಸಿಗೆ ಸೆಕ್ಯುರಿಟಿ ಅಸಿಸ್ಟೆಂಟ್. ಕೊನೆಯದಕ್ಕೆ ಆಯಾ ರಾಜ್ಯದ ಭಾಷೆ ಬರಲೇಬೇಕು. ನಮ್ಮವರಿಗೆ ಕನ್ನಡವೇ ಅರ್ಹತೆಯಾಗುವ ಅಪರೂಪದ ಕೇಂದ್ರ ಸರ್ಕಾರಿ ಕೆಲಸ ಇದು.

ನಾಲ್ಕು ವರ್ಷದ ಲೆಕ್ಕ

ಅಗ್ನಿಪಥ ಯೋಜನೆ 2022ರ ಜೂನ್ 14ರಂದು ಪ್ರಕಟವಾಯಿತು. ಸೇವೆ 4 ವರ್ಷ. ಖಾಯಂ ಆಗುವವರು ಶೇ 25ರವರೆಗೆ. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ಅದರಲ್ಲಿ ಶೇ 30 ಸೇವಾನಿಧಿಗೆ ಕಡಿತವಾಗಿ ಕೈಗೆ 21,000. ನಾಲ್ಕನೆಯ ವರ್ಷ 40,000, ಕೈಗೆ 28,000. ನಿಮ್ಮ ಕಡಿತ ಸುಮಾರು 5.02 ಲಕ್ಷ, ಸರ್ಕಾರದ್ದೂ ಅಷ್ಟೇ, ಬಡ್ಡಿ ಸೇರಿ ಕೊನೆಗೆ ಸುಮಾರು 11.71 ಲಕ್ಷ. ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ. ಖಾಯಂ ಆಗುತ್ತೇನೆ ಎಂದುಕೊಂಡು ಯೋಜನೆ ಮಾಡಬೇಡಿ. ಆಗಲಿಲ್ಲ ಎಂದುಕೊಂಡೇ ಮಾಡಿ. ಖಾಯಂ ಆದರೆ ಲಾಭ, ಆಗದಿದ್ದರೆ ನಷ್ಟವಿಲ್ಲ.

ಮೊದಲ ಸುಮಾರು ಆರು ತಿಂಗಳು ತರಬೇತಿಗೇ ಹೋಗುತ್ತದೆ, ಬೇರೆ ಓದಿನ ಯೋಚನೆ ಬೇಡ. ಯೂನಿಟ್‌ಗೆ ಬಂದ ಮೇಲೆ ಇಗ್ನೊ ಪದವಿಗೆ ಹೆಸರು ಹಚ್ಚಿ. ಅಗ್ನಿವೀರರಿಗೆಂದೇ ಇರುವ ಕಾರ್ಯಕ್ರಮದಲ್ಲಿ ಪದವಿಯ ಅರ್ಧದಷ್ಟು ಕ್ರೆಡಿಟ್ ಸೇನೆಯಲ್ಲಿ ಕಲಿತ ಕೌಶಲಕ್ಕೇ ಸಿಗುತ್ತದೆ. ಎಸ್ಸೆಸ್ಸೆಲ್ಸಿ ಮೇಲೆ ಸೇರಿದವರು ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲೆ) ಮೂಲಕ ಮೊದಲು ಹನ್ನೆರಡನೇ ತರಗತಿ ಮುಗಿಸಿಕೊಳ್ಳಬೇಕು. ಆಮೇಲೆ ಒಂದು ಹೊರಗಿನ ಪ್ರಮಾಣಪತ್ರ: ನೆಟ್‌ವರ್ಕ್ ಕಡೆಯವರು ಮೂರನೆಯ ವರ್ಷ ಸಿಸಿಎನ್‌ಎ (ಸಿಸ್ಕೊ ಕಂಪನಿಯ ನೆಟ್‌ವರ್ಕ್ ಪ್ರಮಾಣಪತ್ರ), ಡ್ರೋನ್ ಹಾರಿಸಿದವರು ಬಿಡುಗಡೆಯಾದ ಮೇಲೆ ಡಿಜಿಸಿಎ (ನಾಗರಿಕ ವಿಮಾನಯಾನ ನಿರ್ದೇಶನಾಲಯ) ಮಾನ್ಯತೆಯ ತರಬೇತಿ ಸಂಸ್ಥೆಯಿಂದ ರಿಮೋಟ್ ಪೈಲಟ್ ಸರ್ಟಿಫಿಕೇಟ್. ಸೇನೆಯಲ್ಲಿ ಎಷ್ಟೇ ಹಾರಿಸಿದ್ದರೂ ಹೊರಗೆ ಅತಿ ಚಿಕ್ಕ ನ್ಯಾನೊ ವರ್ಗಕ್ಕಿಂತ ದೊಡ್ಡ ಡ್ರೋನನ್ನು ವೃತ್ತಿಯಾಗಿ ಹಾರಿಸಲು ಈ ಕಾಗದ ಬೇಕೇ ಬೇಕು. 2021ರ ಡ್ರೋನ್ ನಿಯಮಗಳ ಪ್ರಕಾರ ಅದು 10 ವರ್ಷ ಊರ್ಜಿತ.

ಕನ್ನಂಬಾಡಿಯ ನೀರನ್ನು ಅಳೆದು ನೋಡಿ

ಚಿತ್ರ ವಿಶ್ಲೇಷಣೆ ನಿಮಗೆ ಒಗ್ಗುತ್ತದೆಯೇ ಎಂದು ತಿಳಿಯಲು ಸೇರುವವರೆಗೆ ಕಾಯಬೇಕಿಲ್ಲ. ಎರಡು ಸಂಜೆಯಲ್ಲಿ ಮನೆಯಲ್ಲೇ ತಿಳಿಯುತ್ತದೆ, ಖರ್ಚು ಇಂಟರ್‌ನೆಟ್‌ನದು ಮಾತ್ರ. ನಕ್ಷೆ ಮತ್ತು ಉಪಗ್ರಹ ಚಿತ್ರ ವಿಶ್ಲೇಷಿಸುವ ಕ್ಯೂಜಿಐಎಸ್ ತಂತ್ರಾಂಶ ಉಚಿತ. ಯುರೋಪಿನ ಕೋಪರ್ನಿಕಸ್ ತಾಣದಲ್ಲಿ ಖಾತೆ ತೆರೆದರೆ ಸೆಂಟಿನೆಲ್-2 ಉಪಗ್ರಹದ ಚಿತ್ರಗಳೂ ಉಚಿತ. ಕೆಆರ್‌ಎಸ್ ಹಿನ್ನೀರಿನ ಎರಡು ಚಿತ್ರ ಇಳಿಸಿಕೊಳ್ಳಿ: ಮೇ ತಿಂಗಳದ್ದೊಂದು, ನವೆಂಬರ್ ಕೊನೆಯದ್ದೊಂದು. ಎರಡೂ ಎಲ್2ಎ (ವಾತಾವರಣದ ಪರಿಣಾಮ ಸರಿಪಡಿಸಿದ) ದರ್ಜೆಯವೇ ಇರಲಿ. ಚಿತ್ರದಲ್ಲಿ ಒಂದೊಂದು ಬಗೆಯ ಬೆಳಕಿಗೆ ಒಂದೊಂದು ಪದರ (ಬ್ಯಾಂಡ್) ಇರುತ್ತದೆ: ಹಸಿರು ಬಣ್ಣದ ಬ್ಯಾಂಡ್ 3 ಮತ್ತು ಸಮೀಪದ ಅವಗೆಂಪಿನ ಬ್ಯಾಂಡ್ 8 ಸಾಕು. ಕ್ಯೂಜಿಐಎಸ್‌ನ ರಾಸ್ಟರ್ ಕ್ಯಾಲ್ಕುಲೇಟರ್‌ನಲ್ಲಿ (ಚಿತ್ರದ ಚುಕ್ಕೆಗಳ ಲೆಕ್ಕ ಮಾಡುವ ಸಾಧನ) 3ರಿಂದ 8ನ್ನು ಕಳೆದು, ಬಂದದ್ದನ್ನು ಎರಡರ ಮೊತ್ತದಿಂದ ಭಾಗಿಸಿ. ಸೊನ್ನೆಗಿಂತ ಹೆಚ್ಚಿದ್ದ ಕಡೆ ನೀರು, ಕಡಿಮೆ ಇದ್ದ ಕಡೆ ನೆಲ. ನೀರು ಅವಗೆಂಪನ್ನು ಹೀರಿಕೊಳ್ಳುತ್ತದೆ, ಗಿಡ ಅದನ್ನು ಪ್ರತಿಫಲಿಸುತ್ತದೆ, ಲೆಕ್ಕದ ಗುಟ್ಟು ಇಷ್ಟೇ. ಪ್ರತಿ ಚುಕ್ಕೆ ನೆಲದ ಮೇಲೆ 10 ಮೀಟರ್ ಅಗಲ, 10 ಮೀಟರ್ ಉದ್ದ. 10,000 ಚುಕ್ಕೆಗೆ ಒಂದು ಚದರ ಕಿಲೋಮೀಟರ್.

ಎಡವುವ ಜಾಗಗಳು ಗೊತ್ತಿರುವಂಥವೇ. ಜೂನ್‌ನಿಂದ ಆಗಸ್ಟ್‌ವರೆಗಿನ ಚಿತ್ರಗಳಲ್ಲಿ ಮೋಡ ಮತ್ತು ಅದರ ನೆರಳು ಲೆಕ್ಕ ಕೆಡಿಸುತ್ತವೆ. ಬ್ರೌಸರ್‌ನಿಂದ ನೇರವಾಗಿ ಇಳಿಸಿದ ಚಿತ್ರ ಅಕ್ಷಾಂಶ-ರೇಖಾಂಶದಲ್ಲಿ ಬಂದರೆ ವಿಸ್ತೀರ್ಣ ತಪ್ಪುತ್ತದೆ, ಮೀಟರ್ ಲೆಕ್ಕದ ನಕ್ಷಾ ಪದ್ಧತಿಯಾದ ಯುಟಿಎಂ ವಲಯ 43 ಉತ್ತರಕ್ಕೆ ಬದಲಿಸಿಕೊಳ್ಳಬೇಕು. ಅಂತರಗಂಗೆ ಕಳೆ ಹಬ್ಬಿದ ಜಾಗವನ್ನು ತಂತ್ರಾಂಶ ನೆಲ ಎಂದು ಎಣಿಸುತ್ತದೆ. 2022ರ ಜನವರಿ 25ರ ನಂತರದ ಚಿತ್ರಗಳ ಪ್ರತಿ ಬ್ಯಾಂಡ್‌ನ ಮೌಲ್ಯದಲ್ಲಿ 1000 ಹೆಚ್ಚುವರಿ ಸೇರಿರುತ್ತದೆ. ಕಳೆಯದೆ ಬಿಟ್ಟರೆ ಹಳೆಯ ಚಿತ್ರಗಳೊಡನೆ ಹೋಲಿಕೆ ಕೆಡುತ್ತದೆ. ಎಲ್ಲ ಮುಗಿದ ಮೇಲೆ ಆ ಎರಡು ದಿನದ ಪತ್ರಿಕೆ ಹುಡುಕಿ ಅಣೆಕಟ್ಟೆಯ ಮಟ್ಟ ನೋಡಿ. ಗರಿಷ್ಠ 124.80 ಅಡಿಗೆ ಮಟ್ಟ ಹತ್ತಿರವಾದ ದಿನ ನಿಮ್ಮ ವಿಸ್ತೀರ್ಣವೂ ಹೆಚ್ಚಿರಬೇಕು. ಹೊಂದದಿದ್ದರೆ ತಪ್ಪು ಎಲ್ಲಿ ಎಂದು ಹುಡುಕಿ. ಒಂದು ಮಾಹಿತಿಯನ್ನು ಅದಕ್ಕೆ ಸಂಬಂಧವಿಲ್ಲದ ಇನ್ನೊಂದು ಮೂಲದಿಂದ ತಾಳೆ ನೋಡುವ ಈ ಹಟ ಇದೆಯಲ್ಲ, ಗುಪ್ತಚರ ವಿಶ್ಲೇಷಣೆಯ ಜೀವಾಳ ಅದೇ. ಇದನ್ನು ಒಂದು ಪುಟದ ವರದಿಯಾಗಿ ಬರೆದಿಡಿ. ನಾಳೆ ಜಿಐಎಸ್ ಕೆಲಸದ ಸಂದರ್ಶನದಲ್ಲಿ ಮೇಜಿನ ಮೇಲಿಡಲು ಇದರಲ್ಲಿ ರಹಸ್ಯ ಏನೂ ಇಲ್ಲ. ಅಣೆಕಟ್ಟೆಯ ಮೇಲೆ ಡ್ರೋನ್ ಹಾರಿಸಲು ಮಾತ್ರ ಹೋಗಬೇಡಿ. ಸೇವೆಯಲ್ಲಿರುವಾಗ ಇಂಥದ್ದನ್ನು ಸಾಮಾಜಿಕ ಜಾಲತಾಣಕ್ಕೂ ಹಾಕಬೇಡಿ.

ಭಾಷೆಯ ಕಡೆ ಒಲವಿರುವವರಿಗೆ ಮೈಸೂರಿನ ಮಾನಸ ಗಂಗೋತ್ರಿಯ ಪಕ್ಕದಲ್ಲೇ 1969ರಲ್ಲಿ ಸ್ಥಾಪನೆಯಾದ ಭಾರತೀಯ ಭಾಷಾ ಸಂಸ್ಥಾನ ಇದೆ. ಅನ್ಯ ಭಾಷೆಯೊಂದನ್ನು ಓದಿ, ಬರೆದು, ಕೇಳಿ ಕನ್ನಡಕ್ಕೂ ಇಂಗ್ಲಿಷಿಗೂ ತರಬಲ್ಲವರಿಗೆ ಕೆಲಸ ತಪ್ಪುವುದಿಲ್ಲ. ‘ಸ್ವಲ್ಪ ಮಾತಾಡಲು ಬರುತ್ತದೆ’ ಎನ್ನುವ ಮಟ್ಟಕ್ಕೆ ಮಾತ್ರ ಬೆಲೆ ಇಲ್ಲ.

ನೇಮಕಾತಿ ರ್ಯಾಲಿಗೆ ಮುಂಚೆ

ಓಟದಲ್ಲಿ ಸೋತವರು ಮತ್ತೆ ಬರಬಹುದು, ಕಾಗದದಲ್ಲಿ ಸೋಲುವುದು ನೋಡಲು ಸಂಕಟವಾಗುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಕುಮಾರ್ ಎಂ’, ಆಧಾರ್‌ನಲ್ಲಿ ‘ಎಂ ಕುಮಾರ’ ಇದ್ದರೆ ಅರ್ಜಿಗೆ ಮುಂಚೆಯೇ ಸರಿಮಾಡಿಸಿ, ತಂದೆಯ ಹೆಸರನ್ನೂ ನೋಡಿ. ಮುಂಗೈ ಒಳಭಾಗ ಬಿಟ್ಟು ಬೇರೆಡೆ ಹಚ್ಚೆ ಹಾಕಿಸಿಕೊಳ್ಳಬೇಡಿ. ಬಣ್ಣಗಳನ್ನು ಗುರುತಿಸುವ ಶಕ್ತಿಯನ್ನು ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೋ ಮಂಡ್ಯದ ಮಿಮ್ಸ್‌ನಲ್ಲೋ ಮೊದಲೇ ಪರೀಕ್ಷಿಸಿಕೊಳ್ಳಿ. ಚುಕ್ಕೆಗಳ ನಡುವೆ ಅಂಕಿ ಓದುವ ಪರೀಕ್ಷೆ, ಐದು ನಿಮಿಷದ್ದು. ತಾಂತ್ರಿಕ ಟ್ರೇಡ್‌ಗಳಲ್ಲಿ ಇದಕ್ಕೆ ರಿಯಾಯಿತಿ ಕಡಿಮೆ. ವರ್ಷವಿಡೀ ಓಡಿ ಅಭ್ಯಾಸ ಮಾಡಿ, ಕೊನೆಗೆ ಇಲ್ಲಿ ತಿಳಿಯುವುದು ಬೇಡ.

ಬಯೋಡೇಟಾ ಬರೆಯುವುದು

1923ರ ಅಧಿಕೃತ ರಹಸ್ಯಗಳ ಕಾಯ್ದೆ ಬಿಡುಗಡೆಯ ದಿನಕ್ಕೆ ಮುಗಿಯುವುದಿಲ್ಲ, ಜೀವನಪೂರ್ತಿ ಅನ್ವಯಿಸುತ್ತದೆ. ಆದ್ದರಿಂದ ಜಾಗ, ಯೂನಿಟ್, ಯಂತ್ರದ ಹೆಸರು, ಯಾರನ್ನು ಗಮನಿಸುತ್ತಿದ್ದಿರಿ ಎನ್ನುವುದು ಯಾವುದೂ ಬರಬಾರದು. ‘ಗಡಿಯ ಇಂಥ ಸೆಕ್ಟರ್‌ನಲ್ಲಿ ಶತ್ರುವಿನ ರೇಡಿಯೊ ಆಲಿಸುತ್ತಿದ್ದೆ’ ಎಂದು ಬರೆದರೆ ಕಾನೂನಿನ ಉರುಳು ಒಂದು ಕಡೆ. ಬಾಯಿ ಬಿಗಿ ಇಲ್ಲದವನೆಂದು ಒಳ್ಳೆಯ ಭದ್ರತಾ ಕಂಪನಿ ಅಲ್ಲಿಗೇ ಕೈಬಿಡುವುದು ಇನ್ನೊಂದು ಕಡೆ. ಅದನ್ನೇ ಹೀಗೆ ಬರೆಯಿರಿ: ‘24 ಗಂಟೆ ನಡೆಯುವ ಸಂವಹನ ಕೇಂದ್ರದಲ್ಲಿ ಪಾಳಿ ಕೆಲಸ. ರೇಡಿಯೊ ಸಲಕರಣೆಗಳ ನಿರ್ವಹಣೆ, ದೋಷ ಪತ್ತೆ, ಲಾಗ್ ದಾಖಲೆ. ಪ್ರತಿ ಪಾಳಿಯ ಕೊನೆಗೆ ಲಿಖಿತ ವರದಿ. ಹೊಸಬರಿಗೆ ತರಬೇತಿ.’ ಕೆಲಸಕ್ಕೆ ತೆಗೆದುಕೊಳ್ಳುವವರಿಗೆ ಬೇಕಾದದ್ದು ಅಷ್ಟೂ ಇದರಲ್ಲಿದೆ. ಅನುಮಾನ ಇರುವ ಸಾಲನ್ನು ಬಿಡುಗಡೆಗೆ ಮುಂಚೆಯೇ ಮೇಲಧಿಕಾರಿಗೆ ತೋರಿಸಿ ಒಪ್ಪಿಗೆ ಪಡೆಯಿರಿ, ಊರಿಗೆ ಬಂದ ಮೇಲೆ ಕೇಳಲು ಯಾರೂ ಸಿಗುವುದಿಲ್ಲ.

ಕೊನೆಯ ಆರು ತಿಂಗಳಲ್ಲಿ ಕಾಗದಗಳ ಬೆನ್ನು ಬೀಳಿ. ಕೌಶಲ ಪ್ರಮಾಣಪತ್ರದಲ್ಲಿ ಟ್ರೇಡ್‌ನ ಹೆಸರೂ ಮಾಡಿದ ಕೋರ್ಸ್‌ಗಳೂ ಸರಿಯಾಗಿ ನಮೂದಾಗಿವೆಯೇ ನೋಡಿ, ಬಿಟ್ಟುಹೋಗಿದ್ದರೆ ಯೂನಿಟ್ ಕ್ಲರ್ಕ್ ಬಳಿ ಆಗಲೇ ಸೇರಿಸಿಸಿ. ಸೇವಾನಿಧಿ ಬರುವ ಬ್ಯಾಂಕ್ ಖಾತೆ, ಪ್ಯಾನ್, ಆಧಾರ್‌ಗಳಲ್ಲಿ ಹೆಸರು ಒಂದೇ ಇರಲಿ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳು ಮತ್ತು ಅಸ್ಸಾಂ ರೈಫಲ್ಸ್‌ನಲ್ಲಿ ಮಾಜಿ ಅಗ್ನಿವೀರರಿಗೆ 2022ರಲ್ಲಿ ಶೇ 10 ಮೀಸಲಾತಿ ಪ್ರಕಟವಾಗಿದೆ, ವಯಸ್ಸಿನ ಸಡಿಲಿಕೆಯೂ ಇದೆ. ಅದಕ್ಕೆ ಕೇಳುವುದು ಬಿಡುಗಡೆ ಪ್ರಮಾಣಪತ್ರದ ಮೂಲ ಪ್ರತಿ. ಹತ್ತು ಜೆರಾಕ್ಸ್ ಮಾಡಿಸಿ, ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿ, ಒಂದು ಸ್ಕ್ಯಾನ್ ಪ್ರತಿಯನ್ನು ಡಿಜಿಲಾಕರ್‌ಗೆ ಹಾಕಿಯೇ ರೈಲು ಹತ್ತಿ.